ಪರಂಗಿ ಎಲೆ ಕೇಳುವ ಮೊದಲು ಇದನ್ನು ಓದಿ: ನಮ್ಮ ಬಡಾವಣೆಯ ಡೆಂಗ್ಯೂ

ಮನೆ 27, 2ನೇ ಕ್ರಾಸ್ · ಗುರುವಾರ ಬೆಳಿಗ್ಗೆ 6:40
ಎಲ್ಲರಿಗೂ ನಮಸ್ಕಾರ. ನಿನ್ನೆ ಒಂದೇ ದಿನ ಈ ಗುಂಪಿನಲ್ಲಿ ಹನ್ನೊಂದು ಜನ, ಡೆಂಗ್ಯೂಗೆ ರಸ ಮಾಡಿ ಕೊಡಲು ಪರಂಗಿ ಎಲೆ ಕೇಳಿದ್ದೀರಿ. ಒಬ್ಬೊಬ್ಬರಿಗೆ ಬೇರೆ ಬೇರೆ ಉತ್ತರ ಬಂದಿದೆ. ಅದಕ್ಕೇ ಎಲ್ಲ ಒಂದೇ ಕಡೆ ಮಾತಾಡೋಣ ಎಂದು ಇದನ್ನು ಶುರು ಮಾಡಿದ್ದೇನೆ. ನನಗೆ ಗೊತ್ತಿರುವಂತೆ ಎರಡು ವಾರದಲ್ಲಿ ಒಂಬತ್ತು ಮನೆಗಳಲ್ಲಿ ಡೆಂಗ್ಯೂ ಬಂದಿದೆ. ಜ್ವರ ಬಂದವರನ್ನು ಹೇಗೆ ನೋಡಿಕೊಳ್ಳಬೇಕು, ಭಾನುವಾರ ನಾವೆಲ್ಲ ಸೇರಿ ಏನು ಮಾಡಬಹುದು, ಈ ಎರಡು ಇವತ್ತು ತೀರ್ಮಾನ ಆಗಲಿ. ಎಲ್ಲಿಂದಲೋ ಬಂದ ಸಂದೇಶವನ್ನು ದಯವಿಟ್ಟು ಹಾಗೇ ಇಲ್ಲಿ ಹಾಕಬೇಡಿ. ನಿಮಗೆ ಗೊತ್ತಿರುವುದನ್ನು ಬರೆಯಿರಿ.

ಪರಂಗಿ ಮರದ ಮನೆ, 3ನೇ ಕ್ರಾಸ್ · 6:58
ನಮ್ಮ ಮರದಲ್ಲಿ ಈಗ ಸುಳಿ ಬಿಟ್ಟರೆ ಒಂದೂ ಎಲೆ ಉಳಿದಿಲ್ಲಮ್ಮ. ಕೇಳಿದವರಿಗೆ ನಾನು ಯಾವತ್ತೂ ಇಲ್ಲ ಅಂದಿಲ್ಲ. ಮೊನ್ನೆ ರಾತ್ರಿ ಯಾರೋ ಕಾಂಪೌಂಡ್ ಹತ್ತಿ ಕಿತ್ತುಕೊಂಡು ಹೋಗಿದ್ದಾರೆ. ಮನೆಯಲ್ಲಿ ಮಗುವಿಗೆ ಜ್ವರ ಇದ್ದಿರಬೇಕು, ಪಾಪ. ನನಗೆ ಬೇಜಾರಿಲ್ಲ. ಆದರೆ ಗೋಡೆ ಮೇಲೆ ಗಾಜಿನ ಚೂರು ಇದೆ. ಕೈಗೆ ಪೆಟ್ಟಾಗಿದ್ದರೆ ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ.

ಮನೆ 41, 4ನೇ ಕ್ರಾಸ್ · 7:35
ನಾನು ಆಸ್ಪತ್ರೆಯಿಂದ ಬರೆಯುತ್ತಿದ್ದೇನೆ. ಮಂಗಳವಾರ ಬೆಳಿಗ್ಗೆ ಇದೇ ಗುಂಪಿನಲ್ಲಿ ನಾನೇ ಹಾಕಿದ್ದೆ, "ಪರಂಗಿ ಎಲೆ ರಸಕ್ಕೆ ಮಗನ ಜ್ವರ ಇಳಿಯಿತು" ಅಂತ. ಅದನ್ನು ನೋಡಿಯೇ ನಿಮ್ಮಲ್ಲಿ ಹಲವರು ಎಲೆ ಹುಡುಕಿದ್ದೀರಿ. ಹಾಗಾಗಿ ಆಮೇಲೆ ಆದದ್ದನ್ನೂ ನಾನೇ ಹೇಳಬೇಕು.

ಮಗನಿಗೆ 9 ವರ್ಷ. ಶುಕ್ರವಾರ ಸಂಜೆ ಜ್ವರ ಶುರುವಾಯಿತು. ಮೈಕೈ ನೋವು, ಕಣ್ಣಿನ ಹಿಂದೆ ನೋವು. ಶನಿವಾರ ಡಾಕ್ಟರ್ ಹತ್ತಿರ ಹೋದೆವು. ಎನ್‌ಎಸ್1 ಪರೀಕ್ಷೆ ಪಾಸಿಟಿವ್ ಬಂತು, ಅಂದರೆ ಡೆಂಗ್ಯೂ. ಪ್ಯಾರಾಸಿಟಮಾಲ್ ಬರೆದುಕೊಟ್ಟು, ಸೋಮವಾರದಿಂದ ದಿನಾ ರಕ್ತ ಪರೀಕ್ಷೆ ಮಾಡಿಸಿ ಎಂದರು. ಮನೆಯಲ್ಲಿ ಅಮ್ಮ ಬೆಳಿಗ್ಗೆ ಸಂಜೆ ಎರಡೆರಡು ಚಮಚ ರಸ ಕೊಡುತ್ತಿದ್ದರು. ಸೋಮವಾರ ಪ್ಲೇಟ್‌ಲೆಟ್ (ರಕ್ತ ಹೆಪ್ಪುಗಟ್ಟಿಸುವ ಕಣ) 1.40 ಲಕ್ಷ ಇತ್ತು. ಮಂಗಳವಾರ ಬೆಳಿಗ್ಗೆ ಮೈ ತಣ್ಣಗಾಗಿತ್ತು. ನಮಗೆಷ್ಟು ಖುಷಿ ಆಯಿತೆಂದರೆ, ಅವತ್ತು ರಕ್ತ ಪರೀಕ್ಷೆಗೇ ಹೋಗಲಿಲ್ಲ. ಮಗುವಿಗೆ ಇನ್ನೂ ಯಾಕೆ ಸುಮ್ನೆ ಸೂಜಿ ಚುಚ್ಚಿಸುವುದು ಅಂದುಕೊಂಡೆವು.

ಮಧ್ಯಾಹ್ನ ಹೊಟ್ಟೆನೋವು ಅಂದ. ಮೂರು ಸಲ ವಾಂತಿ ಮಾಡಿಕೊಂಡ. ರಸ ಕಹಿ ಅಲ್ವಾ, ಅದಕ್ಕೇ ಇರಬೇಕು ಅಂದುಕೊಂಡೆವು. ಸಂಜೆ ಹೊತ್ತಿಗೆ ಕೈಕಾಲು ಮಂಜುಗಡ್ಡೆಯಂತೆ ತಣ್ಣಗೆ. ಕರೆದರೆ ಕಣ್ಣು ಬಿಡುತ್ತಾನೆ, ಮತ್ತೆ ಮುಚ್ಚುತ್ತಾನೆ. ಬೆಳಿಗ್ಗೆಯಿಂದ ಒಂದಕ್ಕೆ ಹೋಗಿಲ್ಲ ಎಂಬುದು ನನ್ನ ಹೆಂಡತಿಗೆ ಆಗ ಹೊಳೆಯಿತು. ಆಟೋದಲ್ಲಿ ಎತ್ತಿಕೊಂಡು ಓಡಿದೆವು. ನೇರವಾಗಿ ಐಸಿಯು.

ಈಗ ಅಪಾಯ ದಾಟಿದೆ. ನಿನ್ನೆ ರಾತ್ರಿ ವಾರ್ಡಿಗೆ ತಂದರು. ಜ್ವರ ಇಳಿದ ದಿನವೇ ಹುಷಾರಾಗಿರಬೇಕಿತ್ತು ಎಂದು ನಮಗೆ ಗೊತ್ತಿರಲಿಲ್ಲ. ನಿಮಗೆ ಗೊತ್ತಿರಲಿ.

ಮನೆ 12, 5ನೇ ಕ್ರಾಸ್ (ನರ್ಸ್) · 8:10
ನೀವು ಇದನ್ನು ಬರೆದದ್ದು ತುಂಬಾ ಒಳ್ಳೆಯದಾಯಿತು. ಎಲ್ಲರೂ ಅದನ್ನು ಎರಡು ಸಲ ಓದಿ.

ಡೆಂಗ್ಯೂ ಜ್ವರ ಸಾಮಾನ್ಯವಾಗಿ 3ರಿಂದ 7ನೇ ದಿನದೊಳಗೆ ತಾನಾಗಿ ಇಳಿಯುತ್ತದೆ. ರಸ ಕುಡಿದರೂ ಇಳಿಯುತ್ತದೆ, ಕುಡಿಯದಿದ್ದರೂ ಇಳಿಯುತ್ತದೆ. ಹೆಚ್ಚಿನವರಿಗೆ ಅಲ್ಲಿಗೆ ಕಾಯಿಲೆ ಮುಗಿಯಿತು. ಆದರೆ ಕೆಲವರಲ್ಲಿ ಅದೇ ಹೊತ್ತಿಗೆ ಸಣ್ಣ ರಕ್ತನಾಳಗಳು ಸೋರತೊಡಗುತ್ತವೆ. ರಕ್ತದ ನೀರಿನಂಶ ನಾಳದಿಂದ ಹೊರಗೆ ಹೋಗಿ ಹೊಟ್ಟೆಯಲ್ಲಿ, ಶ್ವಾಸಕೋಶದ ಸುತ್ತ ಸೇರುತ್ತದೆ. ನಾಳದ ಒಳಗೆ ಉಳಿದ ರಕ್ತ ಮಂದವಾಗುತ್ತದೆ. ಬಿಪಿ ಬೀಳುತ್ತದೆ. ಈ ಸೋರಿಕೆ 24ರಿಂದ 48 ಗಂಟೆ ಇರುತ್ತದೆ. ಆ ಹೊತ್ತಿನಲ್ಲಿ ಬೇಕಾದದ್ದು ಅಳತೆ ನೋಡಿ ಡ್ರಿಪ್ ಹಾಕುವವರು. ಕಮ್ಮಿಯಾದರೆ ಶಾಕ್ ಆಗುತ್ತದೆ, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದಾಗುತ್ತದೆ; ಜಾಸ್ತಿಯಾದರೆ ಶ್ವಾಸಕೋಶಕ್ಕೆ ನೀರು ತುಂಬುತ್ತದೆ. ಅದು ಮನೆಯಲ್ಲಿ ಆಗುವ ಕೆಲಸ ಅಲ್ಲ.

ನಾವೆಲ್ಲ ಪ್ಲೇಟ್‌ಲೆಟ್ ಒಂದನ್ನೇ ಹಿಡಿದುಕೊಂಡಿದ್ದೇವೆ. ರಿಪೋರ್ಟಿನಲ್ಲಿ ಪಿಸಿವಿ ಅಂತ ಇನ್ನೊಂದು ಸಾಲು ಇರುತ್ತದೆ, ಕೆಲವು ಲ್ಯಾಬಿನವರು ಹೆಮಟೋಕ್ರಿಟ್ ಎಂದು ಬರೆಯುತ್ತಾರೆ. ರಕ್ತದಲ್ಲಿ ಕೆಂಪು ಕಣದ ಪಾಲು ಎಷ್ಟು ಎಂದು ಅದು ಹೇಳುತ್ತದೆ. ಪ್ಲೇಟ್‌ಲೆಟ್ ಇಳಿಯುತ್ತಾ ಪಿಸಿವಿ ಏರುತ್ತಿದ್ದರೆ ರಕ್ತ ಮಂದವಾಗುತ್ತಿದೆ ಎಂದರ್ಥ. ದಿನದಿನದ ರಿಪೋರ್ಟ್ ಪಕ್ಕಪಕ್ಕ ಇಟ್ಟು ಡಾಕ್ಟರಿಗೆ ತೋರಿಸಿ.

ಹೊಟ್ಟೆನೋವು, ನಿಲ್ಲದ ವಾಂತಿ, ಮೂಗು ಅಥವಾ ವಸಡಿನಲ್ಲಿ ರಕ್ತ, ಕಪ್ಪು ಮಲ, ಮಂಪರು ಅಥವಾ ಚಡಪಡಿಕೆ, ತಣ್ಣನೆಯ ಕೈಕಾಲು, 6 ಗಂಟೆ ಮೂತ್ರ ಇಲ್ಲದಿರುವುದು. ಇದರಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಗಾಡಿ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ನಮ್ಮ ಮನೆ ಬಾಗಿಲನ್ನೂ ತಟ್ಟಬಹುದು, ಎಷ್ಟು ಹೊತ್ತಾದರೂ ಸರಿ.

ಇನ್ನೊಂದು ಮಾತು. ಮೈಕೈ ನೋವಿಗೆ ಎಂದು ಮೆಡಿಕಲ್ ಶಾಪಿನಲ್ಲಿ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ತೆಗೆದುಕೊಳ್ಳಬೇಡಿ. ರಕ್ತಸ್ರಾವ ಜಾಸ್ತಿಯಾಗುತ್ತದೆ. ಹೃದಯದ ತೊಂದರೆಗೆ ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ಹೇಳಿದಷ್ಟೇ.

ಮನೆ 33, 3ನೇ ಕ್ರಾಸ್ · 8:31
ಸಿಸ್ಟರ್, ತಪ್ಪು ತಿಳಿಯಬೇಡಿ. ನಮ್ಮ ಭಾವನಿಗೆ ಹೋದ ವರ್ಷ ಪ್ಲೇಟ್‌ಲೆಟ್ 22 ಸಾವಿರಕ್ಕೆ ಇಳಿದಿತ್ತು. ರಸ ಕೊಟ್ಟ ಎರಡೇ ದಿನಕ್ಕೆ 90 ಸಾವಿರ ಆಯಿತು. ಕಣ್ಣಾರೆ ಕಂಡಿದ್ದೇನೆ. ಇದನ್ನು ಸುಳ್ಳು ಅನ್ನಲು ನನಗೆ ಮನಸ್ಸು ಬರುವುದಿಲ್ಲ.

ಮನೆ 12, 5ನೇ ಕ್ರಾಸ್ (ನರ್ಸ್) · 8:44
ನೀವು ಕಂಡದ್ದು ಸುಳ್ಳಲ್ಲ ಅಣ್ಣ. ರಸ ಕೊಟ್ಟದ್ದು ಎಷ್ಟನೇ ದಿನ?

ಮನೆ 33, 3ನೇ ಕ್ರಾಸ್ · 8:46
ಆರು ಇರಬೇಕು. ಆರೋ ಏಳೋ.

ಮನೆ 12, 5ನೇ ಕ್ರಾಸ್ (ನರ್ಸ್) · 8:59
ಆ ಹೊತ್ತಿಗೆ ಹೆಚ್ಚಿನವರಲ್ಲಿ ಅದು ತಾನಾಗಿಯೇ ಏರತೊಡಗುತ್ತದೆ. ನಮ್ಮ ವಾರ್ಡಿನಲ್ಲಿ ಬರೀ ಎಳನೀರು, ಗಂಜಿ, ಓಆರ್‌ಎಸ್ ಕುಡಿದವರಿಗೂ ಹೀಗೇ ಏರುವುದನ್ನು ದಿನಾ ನೋಡುತ್ತೇನೆ. ಪ್ಲೇಟ್‌ಲೆಟ್ ತೀರಾ ಇಳಿದ ದಿನವೇ ನಮಗೆ ಭಯ ಜಾಸ್ತಿ. ಅವತ್ತೇ ಎಲೆ ಹುಡುಕುತ್ತೇವೆ, ಮಾರನೇ ದಿನ ಅದು ಏರುತ್ತದೆ, ಹೆಸರು ಎಲೆಗೆ ಬರುತ್ತದೆ.

ಹಾಗಂತ ಎಲೆಯಲ್ಲಿ ಏನೂ ಇಲ್ಲ ಎಂದೂ ನಾನು ಹೇಳುವುದಿಲ್ಲ. ಮಲೇಷ್ಯಾದಲ್ಲಿ 228 ರೋಗಿಗಳ ಮೇಲೆ ನಡೆದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಸುಮಾರು ಅರ್ಧ ಜನರಿಗೆ ಮೂರು ದಿನ ರಸ ಕೊಟ್ಟರು. ಅವರಲ್ಲಿ ಪ್ಲೇಟ್‌ಲೆಟ್ ಸ್ವಲ್ಪ ಬೇಗ ಏರಿತು. ನಮ್ಮಲ್ಲೂ ಇದರ ಮಾತ್ರೆ ಸಿಗುತ್ತದೆ, ಕೆಲವು ಡಾಕ್ಟರುಗಳೇ ಬರೆದುಕೊಡುತ್ತಾರೆ. ಆದರೆ ಪ್ಲೇಟ್‌ಲೆಟ್ ಏರುವುದು ಬೇರೆ, ನಾಳದ ಸೋರಿಕೆ ನಿಲ್ಲುವುದು ಬೇರೆ. ಎಲೆ ಸೋರಿಕೆ ನಿಲ್ಲಿಸುತ್ತದೆ, ಜೀವ ಉಳಿಸುತ್ತದೆ ಎಂದು ತೋರಿಸಿದ ಪುರಾವೆ ಇಲ್ಲ. 41ರ ಮಗು ಒದ್ದಾಡಿದ್ದು ಸೋರಿಕೆಯಿಂದ.

ಹಸಿ ರಸ ಕೆಲವರಿಗೆ ವಾಂತಿ ತರಿಸುತ್ತದೆ. ಆಗ ವಾಂತಿ ರಸದಿಂದಲೋ, ಕಾಯಿಲೆ ಕೆಟ್ಟದಾಗುತ್ತಿರುವುದರಿಂದಲೋ ಎಂದು ನಮಗೂ ಗೊತ್ತಾಗುವುದಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದರದ್ದೇ.

ಮನೆ 8, 2ನೇ ಕ್ರಾಸ್ · 9:15
ಮೊಣಕಾಲಿನಿಂದ ಪಾದದವರೆಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಸಾಕು, ಡೆಂಗ್ಯೂ ಸೊಳ್ಳೆ ಅದಕ್ಕಿಂತ ಮೇಲೆ ಹಾರುವುದಿಲ್ಲ ಅಂತ ಬಂದಿದೆ. ನಿಜವೇ?

ಮನೆ 27, 2ನೇ ಕ್ರಾಸ್ · 9:18
ಇಲ್ಲ ಅಕ್ಕ, ನಿಜ ಅಲ್ಲ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲೇ ಇಬ್ಬರಿಗೆ ಬಂದಿದೆ. ಅದು ಹಗಲು ಕಚ್ಚುವ ಸೊಳ್ಳೆ. ಮಕ್ಕಳಿಗೆ ತುಂಬು ತೋಳಿನ ಬಟ್ಟೆ ಹಾಕಿ. ಮಧ್ಯಾಹ್ನ ಮಲಗುವ ಕೂಸಿಗೂ ಪರದೆ ಕಟ್ಟಿ.

ಮನೆ 19, 4ನೇ ಕ್ರಾಸ್ (ಆಯುರ್ವೇದ ವೈದ್ಯ) · 10:05
ಕ್ಲಿನಿಕ್ಕಿಗೆ ಹೊರಡುವ ಮುಂಚೆ ನಾನೂ ಬರೆಯುತ್ತೇನೆ. ಇದು ಆಯುರ್ವೇದಕ್ಕೂ ಆಸ್ಪತ್ರೆಗೂ ಜಗಳ ಎಂದು ದಯವಿಟ್ಟು ನೋಡಬೇಡಿ.

ಡೆಂಗ್ಯೂ ಇರಬಹುದು ಎನಿಸಿದರೆ ನಾನೂ ರಕ್ತ ಪರೀಕ್ಷೆಗೆ ಕಳಿಸುತ್ತೇನೆ. ಈಗ ಸಿಸ್ಟರ್ ಹೇಳಿದ ಲಕ್ಷಣ ಒಂದು ಕಂಡರೂ ದೊಡ್ಡ ಆಸ್ಪತ್ರೆಗೆ ಕಳಿಸುತ್ತೇನೆ. ಜ್ವರದಲ್ಲಿ ಭಾರವಾದ ಊಟ ಬಿಡಿಸಿ ತೆಳು ಗಂಜಿ ಕೊಡಿ ಎಂದು ನಮ್ಮ ಶಾಸ್ತ್ರವೂ ಹೇಳುತ್ತದೆ. ನೀರಿನಂಶ ಒಳಗೆ ಹೋಗಲಿ ಎಂದು ಸಿಸ್ಟರ್ ಹೇಳುವುದಕ್ಕೂ ಅದಕ್ಕೂ ವಿರೋಧ ಇಲ್ಲ.

ನನಗೆ ಬೇಸರ ಆಗುವುದು ಬೇಲಿಯಲ್ಲಿ ಸಿಕ್ಕ ಬಳ್ಳಿಯನ್ನು ಅಮೃತಬಳ್ಳಿ ಎಂದು ಜಜ್ಜಿ ಕುಡಿಯುವುದು ನೋಡಿದಾಗ. ಕೋವಿಡ್ ಕಾಲದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ, ಮುಂಬೈಯಲ್ಲಿ ಅಮೃತಬಳ್ಳಿ ಸೇವಿಸಿದ ಆರು ಜನರಿಗೆ ಲಿವರ್ ತೊಂದರೆ ಆದದ್ದನ್ನು ಅಲ್ಲಿನ ವೈದ್ಯರು ದಾಖಲಿಸಿದರು. ಆಯುಷ್ ಸಚಿವಾಲಯ ಅದನ್ನು ಒಪ್ಪಲಿಲ್ಲ, ಅದೇ ಥರ ಕಾಣುವ ಬೇರೆ ಬಳ್ಳಿ ಇದ್ದಿರಬಹುದು ಎಂದಿತು. ಯಾರದು ಸರಿ ಎಂಬುದು ಒತ್ತಟ್ಟಿಗಿರಲಿ. ಬಳ್ಳಿ ಗುರುತಿಸಲು ಬಾರದಿದ್ದರೆ ಕುಡಿಯಬೇಡಿ ಎಂಬ ಮಾತು ಎರಡೂ ಕಡೆಯಿಂದ ಬಂದಂತಾಯಿತು. ಡೆಂಗ್ಯೂವಿನಲ್ಲಿ ಲಿವರ್ ಮೊದಲೇ ದಣಿದಿರುತ್ತದೆ. ಸಕ್ಕರೆ ಕಾಯಿಲೆಯ ಮಾತ್ರೆ ನುಂಗುವವರಿಗೆ ಅಮೃತಬಳ್ಳಿಯಿಂದ ಸಕ್ಕರೆ ಇನ್ನೂ ಇಳಿಯಬಹುದು.

ಗಿಡಮೂಲಿಕೆಯಲ್ಲಿ ಔಷಧಿ ಇಲ್ಲವೇ ಎಂದು ನಿನ್ನೆ ಒಬ್ಬರು ಕೇಳಿದರು. ಖಂಡಿತ ಇದೆ. ಚೀನಾದ ತು ಯೂಯೂ ಅವರು ಹಳೆಯ ಗ್ರಂಥ ಓದಿ ಒಂದು ಗಿಡದಿಂದ ಮಲೇರಿಯಾಕ್ಕೆ ಔಷಧಿ ತೆಗೆದರು. 2015ರಲ್ಲಿ ನೊಬೆಲ್ ಬಂತು. ಆದರೆ ಇವತ್ತು ಮಲೇರಿಯಾ ಬಂದವರಿಗೆ ಆ ಗಿಡದ ಕಷಾಯ ಕೊಡುವುದಿಲ್ಲ. ಗಿಡದಿಂದ ಬೇರ್ಪಡಿಸಿ, ಪರೀಕ್ಷೆ ಮಾಡಿ, ಅಳತೆ ಗೊತ್ತುಮಾಡಿದ ಮಾತ್ರೆ ಕೊಡುತ್ತಾರೆ. ನಮ್ಮ ಮೂಲಿಕೆಗಳಿಗೂ ಅಷ್ಟು ಶ್ರದ್ಧೆಯ ಕೆಲಸ ಆಗಬೇಕು ಎಂಬುದು ನನ್ನ ಆಸೆ. ಡೆಂಗ್ಯೂ ವೈರಸ್ಸನ್ನೇ ಕೊಲ್ಲುವ ಔಷಧಿ ಸದ್ಯ ನನ್ನ ಹತ್ತಿರವೂ ಇಲ್ಲ, ಆಸ್ಪತ್ರೆಯವರ ಹತ್ತಿರವೂ ಇಲ್ಲ. ಅವರ ಹತ್ತಿರ ಡ್ರಿಪ್ ಇದೆ, ಗಂಟೆಗಂಟೆಗೂ ನೋಡುವ ಕಣ್ಣಿದೆ.

ಕಷಾಯ ಕುಡಿಯುತ್ತಿದ್ದರೆ ಆಸ್ಪತ್ರೆಯಲ್ಲಿ ಮುಚ್ಚಿಡಬೇಡಿ. ಬೈಯುತ್ತಾರೆ ಎಂದು ಸುಮಾರು ಜನ ಹೇಳುವುದೇ ಇಲ್ಲ.

ಮನೆ 5, 2ನೇ ಕ್ರಾಸ್ · 10:40
ಪರೀಕ್ಷೆಗೆ ಎಷ್ಟಾಗುತ್ತದೆ? ಒಂದು ಕಡೆ ನನ್ನ ಹತ್ತಿರ 1,100 ತೆಗೆದುಕೊಂಡರು.

ಮನೆ 12, 5ನೇ ಕ್ರಾಸ್ (ನರ್ಸ್) · 10:52
2024ರಲ್ಲಿ ರಾಜ್ಯ ಸರ್ಕಾರ ಖಾಸಗಿಯವರಿಗೆ ದರ ಗೊತ್ತುಮಾಡಿತು. ಲ್ಯಾಬಿನಲ್ಲಿ ಮಾಡುವ ಎಲೈಸಾ ವಿಧಾನದ ಎನ್‌ಎಸ್1ಗೆ 300, ಸೋಂಕಿಗೆ ದೇಹ ಮಾಡಿದ ಪ್ರತಿಕಾಯ ನೋಡುವ ಐಜಿಎಂಗೆ 300, ಕೂಡಲೇ ಫಲಿತಾಂಶ ಕೊಡುವ ಕಾರ್ಡ್ ಪರೀಕ್ಷೆಗೆ 250 ರೂಪಾಯಿ. ಬಿಲ್ ಕೇಳಿ, ಯಾವುದಕ್ಕೆ ಎಷ್ಟು ಎಂದು ಬರೆಸಿಕೊಳ್ಳಿ. ಮೊದಲ ಐದು ದಿನದಲ್ಲಿ ಎನ್‌ಎಸ್1, ಆಮೇಲೆ ಐಜಿಎಂ.

ಮನೆ 22, 3ನೇ ಕ್ರಾಸ್ · 11:20
ಹೊಗೆ ಹೊಡೆಯುವವರು ಯಾಕೆ ಬರುತ್ತಿಲ್ಲ? ಮೂರು ಸಲ ದೂರು ಕೊಟ್ಟಿದ್ದೇನೆ.

ಮನೆ 27, 2ನೇ ಕ್ರಾಸ್ · 11:48
ದೂರು ನಾನೂ ಕೊಟ್ಟಿದ್ದೇನೆ ಸರ್, ಮತ್ತೆ ಕೊಡುತ್ತೇನೆ. ಆದರೆ ಹೊಗೆಗೆ ಹಾರುವ ಸೊಳ್ಳೆ ಮಾತ್ರ ಸಾಯುತ್ತದೆ. ನೀರಿನಲ್ಲಿರುವ ಮರಿ ಹಾಗೇ ಉಳಿದು, ವಾರದಲ್ಲಿ ಮತ್ತೆ ಸೊಳ್ಳೆಯಾಗುತ್ತದೆ.

ನಿನ್ನೆ ಆಶಾ ಕಾರ್ಯಕರ್ತೆಯ ಜೊತೆ ಆರು ಮನೆ ತಿರುಗಿದೆ. ನಾಲ್ಕು ಮನೆಯ ಡ್ರಮ್ಮಿನಲ್ಲಿ ಹುಳ ಕುಣಿಯುತ್ತಿದ್ದವು. ಅದರಲ್ಲಿ ನಮ್ಮ ಮನೆಯೂ ಒಂದು. ನಮಗೆ ನಲ್ಲಿ ನೀರು ಬರುವುದು ನಾಲ್ಕು ದಿನಕ್ಕೊಮ್ಮೆ. ತುಂಬಿಟ್ಟುಕೊಳ್ಳದೆ ಯಾರಿಗೂ ವಿಧಿಯಿಲ್ಲ. ಈ ಸೊಳ್ಳೆಗೆ ಬೇಕಾದದ್ದು ಚರಂಡಿ ನೀರಲ್ಲ, ನಾವು ಜೋಪಾನವಾಗಿ ತುಂಬಿಟ್ಟ ಇದೇ ಶುದ್ಧ ನೀರು. ಹಿತ್ತಲಿಗೆ ಎಸೆದ ಒರಳುಕಲ್ಲಿನ ಗುಂಡಿ, ಫ್ರಿಜ್ ಹಿಂದಿನ ತಟ್ಟೆ, ಮನಿ ಪ್ಲಾಂಟ್ ಬಾಟಲಿ, ಎಳನೀರು ಬುರುಡೆ, ಎಲ್ಲದರಲ್ಲೂ ಕಂಡೆವು. ನೀರು ಚೆಲ್ಲಿದರೆ ಮಾತ್ರ ಸಾಲದಂತೆ. ಮೊಟ್ಟೆ ಡ್ರಮ್ಮಿನ ಒಳಗೋಡೆಗೆ ಅಂಟಿರುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕಿರುತ್ತದೆ. ತೆಂಗಿನ ನಾರಿನಿಂದ ಗಸಗಸ ಉಜ್ಜಬೇಕು.

ಮನೆ 22, 3ನೇ ಕ್ರಾಸ್ · 12:05
ಸರಿ, ನಾನು ಇವತ್ತೇ ಉಜ್ಜುತ್ತೇನೆ. ಆದರೆ ನಮ್ಮ ಪಕ್ಕ ಕಟ್ಟುತ್ತಿರುವ ಮನೆ? ಕ್ಯೂರಿಂಗ್‌ಗೆ, ಅಂದರೆ ಕಾಂಕ್ರೀಟ್ ಗಟ್ಟಿಯಾಗಲಿ ಅಂತ, ತಾರಸಿ ಮೇಲೆ ಕಟ್ಟೆ ಕಟ್ಟಿ ನೀರು ನಿಲ್ಲಿಸಿದ್ದಾರೆ. ಲಿಫ್ಟ್ ಗುಂಡಿಯಲ್ಲಿ ಮೊಣಕಾಲುದ್ದ ನೀರಿದೆ.

ಮನೆ 27, 2ನೇ ಕ್ರಾಸ್ · 12:30
2024ರ ಸೆಪ್ಟೆಂಬರ್‌ನಲ್ಲಿ ರಾಜ್ಯದ ನಿಯಮ ಬಂದಿದೆ. ಸೊಳ್ಳೆ ಹುಟ್ಟಲು ಬಿಟ್ಟರೆ ನಗರದ ಮನೆಗೆ 400, ಕಟ್ಟಡ ಕೆಲಸದ ಜಾಗಕ್ಕೆ 2,000 ರೂಪಾಯಿ ದಂಡ. ಆದರೆ ಮೊದಲೇ ದಂಡದ ಮಾತು ಬೇಡ. ಅಲ್ಲಿ ಶೆಡ್ಡಿನಲ್ಲಿರುವ ವಾಚ್‌ಮನ್ ಮಗಳಿಗೂ ಜ್ವರ ಇದೆ, ನಾನು ಮತ್ತು ಸಿಸ್ಟರ್ ಸಂಜೆ ಹೋಗುತ್ತೇವೆ. ಮಾಲೀಕರ ಜೊತೆ ಮಾತಾಡುತ್ತೇನೆ. ತಾರಸಿಗೆ ಒದ್ದೆ ಗೋಣಿಚೀಲ ಹಾಸಿದರೂ ಕ್ಯೂರಿಂಗ್ ಆಗುತ್ತದೆ. ಕೇಳದಿದ್ದರೆ ಎಲ್ಲರೂ ಸಹಿ ಹಾಕಿ ದೂರು ಕೊಡೋಣ.

ಮನೆ 33, 3ನೇ ಕ್ರಾಸ್ · 13:10
ಭಾನುವಾರ ನಾನು ಬರುತ್ತೇನೆ. ಏಣಿ ನನ್ನದೇ ಇದೆ, ಓವರ್‌ಹೆಡ್ ಟ್ಯಾಂಕ್ ಮುಚ್ಚಳ ನಾನು ನೋಡುತ್ತೇನೆ. ಹಳೇ ಪಂಚೆ, ಸೀರೆ ಇದ್ದವರು ಕೊಡಿ. ಡ್ರಮ್ ಬಾಯಿಗೆ ಎರಡು ಪದರ ಹೊದಿಸಿ ಸೈಕಲ್ ಟ್ಯೂಬ್ ಕತ್ತರಿಸಿ ಬಿಗಿದರೆ ಗಟ್ಟಿ ನಿಲ್ಲುತ್ತದೆ. ಟ್ಯೂಬ್ ಪಂಕ್ಚರ್ ಅಂಗಡಿಯಿಂದ ತರುತ್ತೇನೆ.

ಮನೆ 41, 4ನೇ ಕ್ರಾಸ್ · 18:20
ಮಗನ ಪ್ಲೇಟ್‌ಲೆಟ್ 61 ಸಾವಿರ. ಐಸಿಯುನಲ್ಲಿ 38 ಸಾವಿರ ಇತ್ತು. ರಕ್ತಸ್ರಾವ ಇರಲಿಲ್ಲ, ಹಾಗಾಗಿ ಪ್ಲೇಟ್‌ಲೆಟ್ ಹಾಕಲೇ ಇಲ್ಲ. ರಕ್ತ ಕೊಡುತ್ತೇವೆ ಎಂದು ಫೋನ್ ಮಾಡಿದ ಎಲ್ಲರಿಗೂ ನಮಸ್ಕಾರ. ಇಡ್ಲಿ ಬೇಕು ಎಂದ. ಈಗ ಅಮ್ಮ ಫೋನ್ ಕೇಳುತ್ತಿದ್ದಾರೆ.

ಮನೆ 41, 4ನೇ ಕ್ರಾಸ್ · 18:34
ನಾನು ಇವನ ಅಜ್ಜಿ. ಹೇಳಿದ್ದನ್ನು ಸೊಸೆ ಬರೆಯುತ್ತಿದ್ದಾಳೆ. ಎರಡು ದಿನದಿಂದ ನನಗೆ ಅನ್ನ ಇಳಿದಿಲ್ಲ. ನನ್ನ ಕೈಯಿಂದಲೇ ಮಗುವಿಗೆ ಹೀಗಾಯಿತಲ್ಲ. ನಮ್ಮ ಅತ್ತೆ ಮಾಡುತ್ತಿದ್ದಂತೆ ಒಳ್ಳೆಯದಾಗಲಿ ಅಂತಲೇ ಕೊಟ್ಟೆ.

ಮನೆ 12, 5ನೇ ಕ್ರಾಸ್ (ನರ್ಸ್) · 18:41
ಅಜ್ಜಿ, ನಿಮ್ಮ ಕೈಯಿಂದ ಏನೂ ಆಗಿಲ್ಲ. ಕಾಯಿಲೆ ತಂದದ್ದು ಸೊಳ್ಳೆ. ನೀವು ಕೊಟ್ಟ ಎರಡು ಚಮಚದಿಂದ ಅವನ ರಕ್ತನಾಳ ಸೋರಲಿಲ್ಲ. ಆಸ್ಪತ್ರೆಗೆ ಹೋಗುವುದು ಅರ್ಧ ದಿನ ತಡವಾಯಿತು, ಅಷ್ಟೇ. ರಾತ್ರಿಯೆಲ್ಲ ಅವನ ಹಣೆಗೆ ಒದ್ದೆ ಬಟ್ಟೆ ಹಾಕಿದ್ದೂ ನೀವೇ ಅಂತ ನಿಮ್ಮ ಸೊಸೆ ಹೇಳಿದಳು. ಈಗ ಮೊದಲು ಊಟ ಮಾಡಿ. ನಾನು ಎಂಟು ಗಂಟೆಗೆ ಬರುತ್ತೇನೆ, ಸಾರು ತರುತ್ತೇನೆ.

ಪರಂಗಿ ಮರದ ಮನೆ, 3ನೇ ಕ್ರಾಸ್ · 18:50
ಅಕ್ಕಾ, ನಾಳೆ ನಾನೂ ಬರುತ್ತೇನೆ ನಿಮ್ಮನ್ನು ನೋಡಲು. ಹಣ್ಣು ಒಂದು ಮಾಗಿದೆ. ಮಗುವಿಗೆ ಕೊಡಬಹುದಾ ಅಂತ ಸಿಸ್ಟರನ್ನು ಕೇಳಿ ತರುತ್ತೇನೆ.

ಮನೆ 27, 2ನೇ ಕ್ರಾಸ್ · 19:15
ಭಾನುವಾರ ಬೆಳಿಗ್ಗೆ 7ಕ್ಕೆ ಹಾಲಿನ ಬೂತ್ ಹತ್ತಿರ ಸೇರೋಣ. 2 ಮತ್ತು 3ನೇ ಕ್ರಾಸ್ ನಾನು, 33ರ ಅಣ್ಣ. 4 ಮತ್ತು 5 ವೈದ್ಯರು, 22ರ ಸರ್. ಕಟ್ಟಡದ ಮಾಲೀಕರು ಒಪ್ಪಿದ್ದಾರೆ, ನಾಳೆ ಲಿಫ್ಟ್ ಗುಂಡಿಗೆ ಪಂಪ್ ಇಡಿಸುತ್ತಾರೆ. ವಾಚ್‌ಮನ್ ಮಗಳಿಗೆ ಇವತ್ತು ನಾಲ್ಕನೇ ದಿನ, ಜ್ವರ ಮಧ್ಯಾಹ್ನ ಇಳಿದಿದೆ. ಸಿಸ್ಟರ್ ಮತ್ತು ನಾನು ಈಗಲೇ ಅವಳನ್ನು ರಕ್ತ ಪರೀಕ್ಷೆಗೆ ಕರೆದುಕೊಂಡು ಹೋಗುತ್ತಿದ್ದೇವೆ. ಯಾರ ಹತ್ತಿರವಾದರೂ ಕಾರ್ ಇದೆಯಾ?

ಮನೆ 8, 2ನೇ ಕ್ರಾಸ್ · 19:16
ಗೇಟ್ ಹತ್ತಿರ ನಿಂತಿರಿ. ತರುತ್ತಿದ್ದೇನೆ.