ಪದಚರ್ಚೆ: ‘ವೆಲ್ ಡೆಕ್’ ಬಾವಿಯೋ ತೊಟ್ಟಿಯೋ?

ಪ್ರಶ್ನೆ: ಗೆಳೆಯರೇ, ಟೈಟಾನಿಕ್ ಹಡಗಿನ ಮುಂಭಾಗದ ವಿವರಣೆಯೊಂದನ್ನು ಕನ್ನಡಕ್ಕೆ ತರುವಾಗ ಐದು ಪದಗಳು ತೊಡಕಾಗಿವೆ: ಫೋರ್‌ಕಾಸಲ್, ಫಾರ್ವರ್ಡ್ ವೆಲ್ ಡೆಕ್, ಹ್ಯಾಚ್ ಕೋಮಿಂಗ್, ಕ್ಯಾಪ್‌ಸ್ಟನ್, ಬಿಟರ್ ಎಂಡ್. ಕರಡಿನಲ್ಲಿ ಇವು ಕ್ರಮವಾಗಿ ‘ಮುಂಗೋಟೆ’, ‘ಮುಂದಿನ ಬಾವಿ ಅಟ್ಟ’, ‘ಬಾಗಿಲಂಚು’, ‘ರಾಟೆ’, ‘ಕಹಿ ಕೊನೆ’ ಆಗಿವೆ. ಯಾವುದನ್ನು ಉಳಿಸಬಹುದು?

ಉತ್ತರ: ನನ್ನನ್ನು ಕೇಳಿದರೆ ಐದೂ ಹೋಗಲಿ. ‘ಬಾವಿ ಅಟ್ಟ’ ಮೊದಲು ಹೋಗಲಿ. ಬಾವಿ ಎಂದೊಡನೆ ಓದುಗರ ಕಣ್ಣಿಗೆ ಆಳ, ನೀರು, ಹಗ್ಗ ಬರುತ್ತವೆ. ಹಡಗಿನಲ್ಲಿರುವುದು ಅದಲ್ಲ. ಟೈಟಾನಿಕ್‌ನ ಮೂತಿಯ ಕಡೆಯ ಎತ್ತರದ ಭಾಗ, ಅಂದರೆ ಫೋರ್‌ಕಾಸಲ್, 128 ಅಡಿ ಉದ್ದ. ಅದು ಮುಗಿದಲ್ಲಿ ಒಂದು ಅಂತಸ್ತು, ಸುಮಾರು 9 ಅಡಿ, ಇಳಿದರೆ ಆಕಾಶಕ್ಕೆ ತೆರೆದ 50 ಅಡಿಯಷ್ಟು ಬಯಲು. ಅದರಾಚೆ ಮತ್ತೆ ಗೋಡೆಯಂತೆ ಎದ್ದು ನಿಂತ ನಡುಭಾಗ. ಸುತ್ತ ಎತ್ತರ, ನಡುವೆ ತಗ್ಗು, ಮೇಲೆ ಬಯಲು: ಇದು ನಮ್ಮ ತೊಟ್ಟಿಮನೆಯ ತೊಟ್ಟಿಯೇ. ‘ತೊಟ್ಟಿ ಡೆಕ್’ ಎನ್ನಿ. ‘ಅಟ್ಟ’ ನಿಘಂಟಿನಲ್ಲಿದೆ, ನಿಜ. ಆದರೆ ಉಪ್ಪಿನಕಾಯಿ ಜಾಡಿ ಇಡುವ ಅಟ್ಟ ನೆನಪಾಗುವ ಭಾಷೆಯಲ್ಲಿ ಡೆಕ್ಕನ್ನು ಡೆಕ್ಕಾಗಿಯೇ ಬಿಡುವುದು ಲೇಸು.

ತೊಟ್ಟಿ ಎಂದರೆ ಇನ್ನೊಂದು ಲಾಭವಿದೆ. ಮನೆಯ ತೊಟ್ಟಿಗೆ ಬಿದ್ದ ಮಳೆನೀರು ಹೊರಹೋಗಲು ದಾರಿ ಬೇಕು, ಹಡಗಿನದಕ್ಕೂ ಬೇಕು. ಎರಡೂ ಮಗ್ಗುಲಿನ ತಡೆಗೋಡೆಯ ಬುಡದಲ್ಲಿ ಕಂಡಿಗಳಿರುತ್ತವೆ. ಅವುಗಳ ಮುಚ್ಚಳ ಹೊರಗಡೆಗೆ ಮಾತ್ರ ತೆರೆಯುತ್ತದೆ. ಫ್ರೀಯಿಂಗ್ ಪೋರ್ಟ್ ಎಂಬುದಕ್ಕೆ ‘ನೀರ್ಗಂಡಿ’ ಸಾಕು, ಚಿಕ್ಕದಾದ ಸ್ಕಪ್ಪರಿಗೆ ‘ತೂಬು’. ಮುಚ್ಚಳದ ಕೀಲು ತುಕ್ಕು ಹಿಡಿದರೆ ಏನಾಗುತ್ತದೆಂದು ಲೆಕ್ಕ ಹಾಕಿ. 50 ಅಡಿ ಉದ್ದ, 70 ಅಡಿ ಅಗಲದ ಜಾಗದಲ್ಲಿ ಒಂದಡಿ ನೀರು ನಿಂತರೆ 3500 ಘನ ಅಡಿ. ಉಪ್ಪುನೀರು 35 ಘನ ಅಡಿಗೆ ಒಂದು ಟನ್, ಅಲ್ಲಿಗೆ 100 ಟನ್. ಅಷ್ಟು ಭಾರ ಹಡಗಿನ ಮೇಲ್ಭಾಗದಲ್ಲಿ ಅತ್ತಿತ್ತ ತುಳುಕಾಡಿದರೆ ಹಡಗು ಓಲಾಡುವುದು ಹೆಚ್ಚುತ್ತದೆ.

‘ಮುಂದಿನ’ ಕೂಡ ಬೇಡ. ಕನ್ನಡದಲ್ಲಿ ಮುಂದಿನ ಮನೆ ಎಂದರೆ ಇದಾದ ಮೇಲಿನ ಮನೆ ಎಂದೂ ಅರ್ಥ. ಈ ಹಡಗಿಗೆ ಹಿಂದೊಂದು ತೊಟ್ಟಿಯೂ ಇದ್ದುದರಿಂದ ಗೊಂದಲ ಖಂಡಿತ. ‘ಮುಂಬದಿಯ ತೊಟ್ಟಿ’, ‘ಹಿಂಬದಿಯ ತೊಟ್ಟಿ’ ಎನ್ನಿ. 1912ರ ಏಪ್ರಿಲ್ 14ರ ರಾತ್ರಿ ನೀರ್ಗಲ್ಲು ತಾಗಿದಾಗ ಮಂಜಿನ ಗಡ್ಡೆಗಳು ಉದುರಿದ್ದು ಮುಂಬದಿಯ ತೊಟ್ಟಿಯ ಬಲಮಗ್ಗುಲಿಗೆ. ಅದು ಮೂರನೇ ದರ್ಜೆಯವರು ಗಾಳಿಗೆ ಬರುತ್ತಿದ್ದ ಜಾಗ.

ಫೋರ್‌ಕಾಸಲ್: ನಾವಿಕರ ಬಾಯಲ್ಲಿ ಇದು ‘ಫೋಕ್ಸಲ್’. ಮಧ್ಯಯುಗದ ಹಡಗುಗಳ ಮೂತಿಯ ಮೇಲೆ ಬಿಲ್ಲಾಳುಗಳು ನಿಲ್ಲಲು ಕಟ್ಟುತ್ತಿದ್ದ ಮರದ ಕೊತ್ತಲದಿಂದ ಬಂದ ಹೆಸರು. ಲೈನರಿನ, ಅಂದರೆ ದೊಡ್ಡ ಪ್ರಯಾಣಿಕ ಹಡಗಿನ, ಕಾಲಕ್ಕೆ ಕೊತ್ತಲವೂ ಇಲ್ಲ, ಬಿಲ್ಲಾಳೂ ಇಲ್ಲ. ಮೇಲೆ ಲಂಗರಿನ ಯಂತ್ರ, ಕೆಳಗೆ ನಾವಿಕರ ಮತ್ತು ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಬೆಂಕಿಯಾಳುಗಳ ವಾಸ. ‘ಮುಂಗೋಟೆ’ ಎಂದರೆ ಓದುಗ ಫಿರಂಗಿ ಹುಡುಕುತ್ತಾನೆ. ‘ಮುಂಜಗಲಿ’ ನನಗೆ ಹಿಡಿಸುತ್ತದೆ. ತೊಟ್ಟಿಯ ಪಕ್ಕದಲ್ಲಿ ಜಗಲಿ ಇರುವುದು ನ್ಯಾಯವೇ.

ಹ್ಯಾಚ್ ಎಂದರೆ ಸರಕು ಇಳಿಸುವ ‘ಬಾಯಿ’. ಹಗೇವಿಗೂ ನಾವು ಬಾಯಿ ಎನ್ನುತ್ತೇವಲ್ಲ. ಅದರ ಸುತ್ತ ಎಬ್ಬಿಸಿದ ಕೋಮಿಂಗ್ ‘ಬಾಯಿಕಟ್ಟೆ’. ಅದು ಬರೀ ಅಂಚಲ್ಲ, ನೀರು ಒಳನುಗ್ಗದಂತೆ ತಡೆಯುವ ಕಟ್ಟೆ. ಟೈಟಾನಿಕ್‌ನಲ್ಲಿ ಒಂದನೇ ಬಾಯಿ ಮುಂಜಗಲಿಯಲ್ಲಿ, ಎರಡು ಮತ್ತು ಮೂರನೆಯವು ತೊಟ್ಟಿಯಲ್ಲಿ. ಆ ಕಾಲದ ಹಡಗುಗಳಲ್ಲಿ ಬಾಯಿ ಮುಚ್ಚುವ ಸಾಮಾನ್ಯ ಕ್ರಮ ಹೀಗೆ: ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಪದರ ಪದರ ಟಾರ್ಪಾಲು, ಟಾರ್ಪಾಲಿನ ಅಂಚನ್ನು ಕಟ್ಟೆಗೆ ಒತ್ತಿಹಿಡಿಯಲು ಕಬ್ಬಿಣದ ಪಟ್ಟಿ, ಪಟ್ಟಿ ಸಡಿಲವಾಗದಂತೆ ಮರದ ಬೆಣೆ. ಮಗ್ಗುಲಿನ ಬೆಣೆಗಳನ್ನು ಮೂತಿಯ ಕಡೆಯಿಂದ ಹಿಂದಕ್ಕೆ ಬಡಿಯಬೇಕು. ಆಗ ಎದುರಿನಿಂದ ಏರಿಬರುವ ಅಲೆ ಅದನ್ನು ಇನ್ನಷ್ಟು ಬಿಗಿ ಮಾಡುತ್ತದೆ. ತಿರುಗಿಸಿ ಬಡಿದರೆ ಅಲೆಯೇ ಕಿತ್ತುಕೊಂಡು ಹೋಗುತ್ತದೆ. ಮೂಲದಲ್ಲಿ ‘ಬ್ಯಾಟನ್ ಡೌನ್’ ಬಂದರೆ ‘ಬಾಯಿ ಮುಚ್ಚಿ ಬೆಣೆ ಬಡಿ’ ಎನ್ನಿ. ಬರೀ ‘ಬಾಯಿ ಮುಚ್ಚಿ’ ಎಂದರೆ ಕ್ಯಾಪ್ಟನ್ ಬೈದಂತಾದೀತು.

ಇನ್ನೊಂದು ಉತ್ತರ: ಮೇಲಿನವರ ತೊಟ್ಟಿಗೆ ನನ್ನ ಒಪ್ಪಿಗೆ, ಮುಂಜಗಲಿಗೆ ಅರ್ಧ ಒಪ್ಪಿಗೆ. ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕುತ್ತಾರೆ. ಇಲ್ಲಿ ಕೂರುವ ಮಾತೇ ಇಲ್ಲ. ‘ಫೋಕ್ಸಲ್’ ಎಂದೇ ಬರೆದು ಮೊದಲ ಸಲ ಮಾತ್ರ ವಿವರಿಸಬಹುದು.

ಕ್ಯಾಪ್‌ಸ್ಟನ್‌ಗೆ ರಾಟೆ ತಪ್ಪು. ದಪ್ಪ ಹಗ್ಗವನ್ನು ಸುತ್ತಿ ಎಳೆಯುವ ಯಂತ್ರ ಅದು. ರಾಟೆಯ ಅಚ್ಚು ಮಲಗಿರುತ್ತದೆ, ಕ್ಯಾಪ್‌ಸ್ಟನ್ನಿನ ಅಚ್ಚು ನಿಂತಿರುತ್ತದೆ. ನಿಂತ ಅಚ್ಚಿನದು ನಮ್ಮಲ್ಲಿ ಗಾಣ. ಎತ್ತಿನ ಬದಲು ಇಲ್ಲಿ ಉಗಿಯಂತ್ರ, ಅದೂ ಕೆಳಗಿನ ಡೆಕ್ಕಿನಲ್ಲಿ. ಮೇಲೆ ಕಾಣುವುದು ತಿರುಗುವ ತಲೆ ಮಾತ್ರ. ‘ಹಗ್ಗದ ಗಾಣ’ ಎಂದರೆ ಚಿತ್ರ ಸರಿಯಾಗಿ ಬರುತ್ತದೆ. ಭಾರ ಎತ್ತುವ ವಿಂಚಿನ ಅಚ್ಚು ಮಲಗಿದ್ದು; ‘ರಾಟೆ’ಯನ್ನು ಅದಕ್ಕೆ ಇಟ್ಟುಕೊಳ್ಳಿ.

ಬಿಟರ್ ಎಂಡ್‌ಗೂ ಕಹಿಗೂ ಸಂಬಂಧವಿಲ್ಲ. ಬಿಟ್ ಎಂದರೆ ಲಂಗರಿನ ಹಗ್ಗ ಸುತ್ತುವ ಗೂಟ. ಗೂಟದ ಕಡೆಗೆ, ಅಂದರೆ ಹಡಗಿನೊಳಗೆ, ಉಳಿದ ತುದಿ ಬಿಟರ್ ಎಂಡ್. ‘ಒಳತುದಿ’ ಎನ್ನಿ. ಲಂಗರು ಬಿಡುವಾಗ ಬ್ರೇಕು ಹಿಡಿಯದೆ ಸರಪಳಿ ಓಡತೊಡಗಿದರೆ ಅದನ್ನು ಕೊನೆಗೆ ಹಿಡಿದುಕೊಂಡಿರುವುದು ಈ ಒಳತುದಿ ಮಾತ್ರ. ಅದೂ ಕಿತ್ತರೆ ಲಂಗರೂ ಹೋಯಿತು, ಸರಪಳಿಯೂ ಹೋಯಿತು.

ಸರಪಳಿಯ ಅಳತೆಗೆ ‘ಫ್ಯಾದಮ್’ ಎಂದು ಬರೆಯಬೇಡಿ. ಚಾಚಿದ ಎರಡು ಕೈಗಳ ಅಳತೆ, ಆರಡಿ: ಅದು ನಮ್ಮ ‘ಮಾರು’. ಹೂವಾಡಗಿತ್ತಿ ದಿನಾ ಅಳೆಯುವುದು ಅದನ್ನೇ. ಬ್ರಿಟಿಷ್ ಹಡಗುಗಳಲ್ಲಿ ಸರಪಳಿಯ ಒಂದು ತುಂಡು 15 ಮಾರು. ಟೈಟಾನಿಕ್‌ನ ಎರಡು ಮಗ್ಗುಲು ಲಂಗರುಗಳಿಗೆ ಸರಪಳಿಯಿತ್ತು. ನಡುವಿನ ದೊಡ್ಡ ಲಂಗರು 15 ಟನ್ನಿಗೂ ಮೀರಿದ್ದು. ಅದಕ್ಕೆ ಸರಪಳಿಯಿಲ್ಲ, ಉಕ್ಕಿನ ಹಗ್ಗ. ಮೂತಿಯ ತುದಿಯ ಕ್ರೇನಿನಿಂದ ಅದನ್ನೆತ್ತಿ ಹೊರಗೆ ಹಾಯಿಸಬೇಕು. ಹಾಗಾಗಿ ಆ ಒಂದು ಲಂಗರಿನ ವಿಷಯದಲ್ಲಿ ‘ಸರಪಳಿ ಬಿಟ್ಟರು’ ಎಂದು ಬರೆದರೆ ತಪ್ಪು.

ಕೊನೆಗೆ, ನೀವು ಕೇಳದ ಒಂದು ಪದ. ಭಾರತದ ಕಡೆ ಓಡಾಡುತ್ತಿದ್ದ ಆ ಕಾಲದ ಬ್ರಿಟಿಷ್ ಹಡಗುಗಳ ವಿವರಣೆಯನ್ನೂ ತರುವುದಾದರೆ ಲಸ್ಕರರ, ಅಂದರೆ ಆ ಹಡಗುಗಳಲ್ಲಿ ದುಡಿಯುತ್ತಿದ್ದ ಭಾರತದ ಕಡೆಯ ನಾವಿಕರ, ಮೇಸ್ತ್ರಿ ‘ಸೆರಾಂಗ್’ ಸಿಗುತ್ತಾನೆ, ಅವನ ಕೈಕೆಳಗೆ ‘ಟಿಂಡಲ್’. ಟಿಂಡಲ್ಲನ್ನು ನಮ್ಮ ಕರಾವಳಿಯ ‘ತಾಂಡೇಲ’ ಮಾಡಬೇಡಿ, ಅವನು ದೋಣಿಗೇ ಯಜಮಾನ. ಸೆರಾಂಗನ್ನು ‘ಸಾರಂಗ’ ಎಂದು ಬರೆದರಂತೂ ಡೆಕ್ಕಿನ ಮೇಲೆ ಜಿಂಕೆ ನಿಲ್ಲುತ್ತದೆ.