ಪದಚರ್ಚೆ: ಎಲ್ಲಕ್ಕೂ ‘ಜೀರ್ಣೋದ್ಧಾರ’ ಎಂದರೆ ಸಾಕೇ? ಬಫಲೋ ಊರಿನ ಹಳೆಯ ಕಟ್ಟಡಗಳಿಗೆ ಪದ ಬೇಕು

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಪಶ್ಚಿಮದ ತುದಿಯಲ್ಲಿರುವ ಬಫಲೋದಲ್ಲಿ. ನಯಾಗರಾ ಜಲಪಾತ ಇಲ್ಲಿಂದ ಅರ್ಧ ಗಂಟೆಯ ದಾರಿ. ಹಾಗಾಗಿ ಬೇಸಿಗೆಯಲ್ಲಿ ಇಲ್ಲಿನ ಕನ್ನಡದ ಮನೆಗಳಲ್ಲೆಲ್ಲ ಊರಿಂದ ಬಂದ ಅಪ್ಪ ಅಮ್ಮ, ಅತ್ತೆ ಮಾವ ಇರುತ್ತಾರೆ. ಜಲಪಾತ ಒಂದು ದಿನಕ್ಕೆ ಮುಗಿಯುತ್ತದೆ. ಉಳಿದ ದಿನಗಳಲ್ಲಿ ಅವರನ್ನು ಊರಿನ ಹಳೆಯ ಕಟ್ಟಡಗಳ ಕಡೆ ಕರೆದುಕೊಂಡು ಹೋಗುವುದು ನನಗೆ ರೂಢಿಯಾಗಿದೆ. ಅವರ ಕೈಗೆ ಕೊಡಲೆಂದು ಒಂದು ಸಣ್ಣ ಕನ್ನಡ ಕೈಪಿಡಿ ಬರೆಯುತ್ತಿದ್ದೇನೆ. ಬರೆಯಲು ಕುಳಿತಾಗ ಐದು ಪದಗಳಲ್ಲಿ ಸಿಕ್ಕಿಕೊಂಡೆ.

ತೊಡಕು ಶುರುವಾದದ್ದು ನಮ್ಮ ತಂದೆಯವರಿಂದ. ಅವರು ಹಾಸನದ ಕಡೆಯ ನಮ್ಮೂರಿನ ದೇವಸ್ಥಾನದ ಜೀರ್ಣೋದ್ಧಾರ ಸಮಿತಿಯಲ್ಲಿ ಬಹಳ ವರ್ಷ ಇದ್ದವರು. ಎರಡು ವರ್ಷದ ಹಿಂದೆ ಬಂದಾಗ ಅವರನ್ನು ಡಾರ್ವಿನ್ ಮಾರ್ಟಿನ್ ಮನೆಗೆ ಕರೆದೊಯ್ದಿದ್ದೆ. ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಅವರ ವಿನ್ಯಾಸದಂತೆ 1903ರಿಂದ 1905ರ ನಡುವೆ ಕಟ್ಟಿದ ಮನೆ ಅದು. ಮುಖ್ಯ ಮನೆಯಿಂದ ಹಿಂದಿನ ಗಾಜಿನ ಹಸಿರುಮನೆಗೆ ಒಂದು ಉದ್ದನೆಯ ಕಂಬಸಾಲಿನ ಹಾದಿ ಇದೆ. ಇಲ್ಲಿ ಪರ್ಗೋಲಾ ಎನ್ನುತ್ತಾರೆ. ನಮ್ಮ ಕೈಸಾಲೆ ಎಂದರೆ ಹೆಚ್ಚು ತಪ್ಪಾಗದು. ಅದರ ತುದಿಯಲ್ಲಿ ರೆಕ್ಕೆ ಬಿಚ್ಚಿದ ಗ್ರೀಕ್ ವಿಜಯದೇವತೆಯ ಮೂರ್ತಿ, ದೂರದಿಂದ ನೋಡಿದರೆ ಗರ್ಭಗುಡಿಯ ಮೂರ್ತಿಯ ಹಾಗೆಯೇ ಕಾಣುತ್ತದೆ. ಅಪ್ಪ ಇಟ್ಟಿಗೆಯ ಸಂದಿನಲ್ಲಿ ಬೆರಳಾಡಿಸುತ್ತಾ ನಿಂತರು. ಅಡ್ಡ ಸಂದುಗಳನ್ನು ಆಳವಾಗಿ ಕೆರೆದು ನೆರಳು ಬೀಳುವಂತೆ ಬಿಟ್ಟಿದ್ದಾರೆ, ನಿಂತ ಸಂದುಗಳನ್ನು ಇಟ್ಟಿಗೆಯ ಮಟ್ಟಕ್ಕೇ ತುಂಬಿದ್ದಾರೆ. ಹಾಗಾಗಿ ಇಡೀ ಗೋಡೆ ಅಡ್ಡಗೆರೆಗಳಾಗಿಯೇ ಕಣ್ಣಿಗೆ ಬೀಳುತ್ತದೆ. ‘ಇದನ್ನ ಯಾವಾಗ ಕಟ್ಟಿದ್ದು?’ ಎಂದರು. 2007ರಲ್ಲಿ ಮುಗಿಯಿತು ಎಂದೆ. ‘ಅಂಗಾರೆ ಇದು ಹಳೇದಲ್ವಲ್ಲಪ್ಪ. ಜೀರ್ಣೋದ್ಧಾರ ಮಾಡವ್ರೆ ಅನ್ನು.’

ಹೌದೆನ್ನಲೂ ಆಗಲಿಲ್ಲ, ಅಲ್ಲವೆನ್ನಲೂ ಆಗಲಿಲ್ಲ. ಕಾರಣ, ಆ ಒಂದೇ ಆವರಣದಲ್ಲಿ ಮೂರು ಬೇರೆ ಬೇರೆ ಕೆಲಸ ನಡೆದಿದೆ. ಮಾರ್ಟಿನ್ ಕುಟುಂಬ 1937ರಲ್ಲಿ ಮನೆ ಬಿಟ್ಟಿತು. ಮುಂದೆ ಹದಿನೇಳು ವರ್ಷ ಅದು ಪಾಳು ಬಿದ್ದಿತ್ತು. ಆಮೇಲೆ ಕೊಂಡ ವಾಸ್ತುಶಿಲ್ಪಿಯೊಬ್ಬರು ಮುಖ್ಯ ಮನೆಯನ್ನು ಉಳಿಸಿಕೊಂಡರು, ಆದರೆ ಹಿಂದಿನ ಕೈಸಾಲೆ, ಹಸಿರುಮನೆ, ಗಾಡಿಖಾನೆ 1960ರ ದಶಕದ ಆರಂಭದಲ್ಲಿ ಹೋದವು. ಆ ಜಾಗದಲ್ಲಿ ಬಾಡಿಗೆ ಮನೆಗಳೆದ್ದವು. 1992ರಲ್ಲಿ ಶುರುವಾದ ಸಂಸ್ಥೆಯೊಂದು ಆ ಬಾಡಿಗೆ ಮನೆಗಳನ್ನು ಕೊಂಡು, ತೆಗೆದುಹಾಕಿ, ಹಳೆಯ ನಕ್ಷೆ ಮತ್ತು ಫೋಟೊಗಳನ್ನು ಹಿಡಿದು ಮೂರನ್ನೂ ಮತ್ತೆ ಕಟ್ಟಿತು. ಅಂದರೆ ಮುಖ್ಯ ಮನೆಯಲ್ಲಿ ಕೆಲವು ಕಡೆ ಇದ್ದದ್ದನ್ನು ಇದ್ದ ಹಾಗೆ ಕಾಪಾಡಿದ್ದಾರೆ, ಕೆಲವು ಕಡೆ ಹಿಂದಿನ ರೂಪಕ್ಕೆ ತಂದಿದ್ದಾರೆ, ಹಿತ್ತಿಲಲ್ಲಿ ಇಲ್ಲದ್ದನ್ನು ಮರುಕಟ್ಟಿದ್ದಾರೆ. ನನ್ನಲ್ಲಿದ್ದ ಕನ್ನಡದ ಮಾತು ಮಾತ್ರ ಒಂದೇ.

ಅಮೆರಿಕದಲ್ಲಿ ಇಂಥ ಕೆಲಸಗಳನ್ನು ಸರ್ಕಾರವೇ ನಾಲ್ಕು ಬಗೆಯಾಗಿ ಬೇರೆ ಬೇರೆ ಎಂದು ಬರೆದಿಟ್ಟಿದೆ. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಇಂಟೀರಿಯರ್ ಇಲಾಖೆಯ ನಿಯಮಗಳಲ್ಲಿ ಪ್ರಿಸರ್ವೇಶನ್, ರಿಹ್ಯಾಬಿಲಿಟೇಶನ್, ರಿಸ್ಟೊರೇಶನ್, ರೀಕನ್‌ಸ್ಟ್ರಕ್ಷನ್ ಎಂಬ ನಾಲ್ಕಕ್ಕೂ ಪ್ರತ್ಯೇಕ ವಿವರಣೆ ಇದೆ. ಇದು ಬರೀ ಪಂಡಿತರ ವಿಂಗಡಣೆಯಲ್ಲ. ಆದಾಯ ತರುವ ಐತಿಹಾಸಿಕ ಕಟ್ಟಡಕ್ಕೆ ಮಾಡಿದ ಖರ್ಚಿನ ಶೇ. 20ರಷ್ಟು ಕೇಂದ್ರ ತೆರಿಗೆಯಲ್ಲಿ ಕಳೆಯುವ ಸೌಲಭ್ಯ ಸಿಗುವುದು ಎರಡನೆಯ ಹೆಸರಿನ ಕೆಲಸಕ್ಕೆ. ಪದ ತಪ್ಪಿದರೆ ಹಣವೂ ತಪ್ಪುತ್ತದೆ.

ಈಗ ನಮ್ಮ ಮಾತಿಗೆ ಬರೋಣ. ‘ಜೀರ್ಣ’ ಎಂದರೆ ಸವೆದದ್ದು, ಹಳತಾಗಿ ಸೊರಗಿದ್ದು. ‘ಉದ್ಧಾರ’ ಎಂದರೆ ಮೇಲೆತ್ತುವುದು. ಮಾತಿನಲ್ಲಿ ಏನೂ ಕೊರತೆಯಿಲ್ಲ. ಇಂದಿನ ಬಳಕೆಯಲ್ಲಿ ಅದರ ಅರ್ಥ ಜರುಗಿದೆ ಎನ್ನುವುದು ನನ್ನ ಅಳಲು. ನಮ್ಮೂರಿನಲ್ಲೇ ಆದದ್ದು ಹೇಳುತ್ತೇನೆ. ಜೀರ್ಣೋದ್ಧಾರವೆಂದು ಚಂದಾ ಎತ್ತಿದರು. ನವರಂಗದ ನಾಲ್ಕು ಹಳೆಯ ಕಂಬಗಳನ್ನು ತೆಗೆದು ಹೊರಗೆ ಬೇವಿನ ಮರದ ಬುಡದಲ್ಲಿ ಮಲಗಿಸಿದರು. ಒಳಗೆ ಪಾಲಿಶ್ ಮಾಡಿದ ಗ್ರಾನೈಟ್ ಬಂತು, ಮೇಲೆ ಆರ್‌ಸಿಸಿ ಬಂತು. ಆ ಕಂಬಗಳ ಮೇಲೆ ಈಗ ಹುಡುಗರು ಕುಳಿತು ಮೊಬೈಲ್ ನೋಡುತ್ತಾರೆ. ಅದು ಊರವರ ಭಕ್ತಿಯಿಂದಲೇ ಆದ ಕೆಲಸ, ಅಪ್ಪನೂ ಅದರಲ್ಲಿದ್ದರು, ಯಾರನ್ನೂ ದೂರುತ್ತಿಲ್ಲ. ಕರಾವಳಿಯಲ್ಲಂತೂ ಹಳೆಯದನ್ನು ಬಿಚ್ಚುವುದರಿಂದ ಬ್ರಹ್ಮಕಲಶದವರೆಗಿನ ಇಡೀ ಕಾರ್ಯಕ್ಕೆ ಈ ಒಂದೇ ಹೆಸರು. ದೇವಾಲಯಕ್ಕೆ ಅದು ಒಪ್ಪುತ್ತದೆ. ಅಲ್ಲಿ ಮುಖ್ಯವಾದದ್ದು ಸಾನ್ನಿಧ್ಯ, ಕಲ್ಲಲ್ಲ. ಆದರೆ ಆ ಅರ್ಥ ಮನಸ್ಸಿನಲ್ಲಿರುವವರಿಗೆ ನಾನು ‘ಈ ಕಟ್ಟಡ ಜೀರ್ಣೋದ್ಧಾರಗೊಂಡಿದೆ’ ಎಂದು ಬರೆದರೆ, ಮುಂದೆ ನಿಂತಿರುವುದು ಹೊಸ ಕಟ್ಟಡವೆಂದೇ ತಿಳಿಯುತ್ತಾರೆ.

ಕುತೂಹಲದ ಸಂಗತಿ ಎಂದರೆ, ನಮ್ಮ ಶಾಸನಗಳಲ್ಲಿ ಈ ಮಾತು ಒಂಟಿಯಾಗಿ ಬರುವುದು ಕಡಿಮೆ. ಚಾಲುಕ್ಯ, ಹೊಯ್ಸಳರ ಕಾಲದ ದತ್ತಿಶಾಸನಗಳಲ್ಲಿ ಅಂಗಭೋಗ (ದೇವರ ಪೂಜೆ, ಅಲಂಕಾರ), ರಂಗಭೋಗ (ಹಾಡು, ನೃತ್ಯದ ಸೇವೆ) ಇವುಗಳ ಜೊತೆಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಭೂಮಿ ಬಿಡುತ್ತಾರೆ. ಖಂಡ ಎಂದರೆ ಮುರಿದದ್ದು, ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು. ಒಂದೇ ಸಲಕ್ಕೆ ಕೆಡವಿ ಕಟ್ಟುವ ಯೋಚನೆ ಅದರಲ್ಲಿಲ್ಲ. ವರ್ಷ ವರ್ಷ ಬರುವ ಗದ್ದೆಯ ಹುಟ್ಟುವಳಿಯಿಂದ ವರ್ಷ ವರ್ಷ ಬೀಳುವ ಬಿರುಕು ಮುಚ್ಚಬೇಕು, ಅದಕ್ಕೆ ದತ್ತಿ. ಇಂದು ಸಂರಕ್ಷಣೆಯ ಪಾಠ ಹೇಳುವವರು ಹೇಳುವುದೂ ಇದನ್ನೇ.

ಈಗ ಒಂದೊಂದಾಗಿ.

ಮೊದಲನೆಯದಾದ ಪ್ರಿಸರ್ವೇಶನ್‌ಗೆ ‘ಸಂರಕ್ಷಣೆ’ ಇದೆ, ತಕರಾರಿಲ್ಲ. ಕ್ರಿಯಾಪದವಾಗಿ ‘ಕಾಪಿಡು’ ಬಳಸುತ್ತಿದ್ದೇನೆ. ಆದರೆ ‘ಸಂರಕ್ಷಿತ ಕಟ್ಟಡ’ ಎಂದು ಬರೆಯಲು ಹೆದರುತ್ತೇನೆ. ನಮ್ಮಲ್ಲಿ ಪುರಾತತ್ವ ಇಲಾಖೆಯ ನೀಲಿ ಫಲಕ ಕಂಡವರಿಗೆ ಸಂರಕ್ಷಿತ ಎಂದರೆ ಮುಟ್ಟಿದರೆ ಶಿಕ್ಷೆ ಎಂದರ್ಥ. ಇಲ್ಲಿ 1966ರ ಕಾನೂನಿನಿಂದ ಹುಟ್ಟಿದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ನೋಂದಣಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಖಾಸಗಿ ಮಾಲೀಕ ತನ್ನ ದುಡ್ಡಿನಲ್ಲಿ ತನ್ನ ಕಟ್ಟಡ ಕೆಡವುವುದನ್ನು ಅದು ತಡೆಯುವುದಿಲ್ಲ; ತಡೆಯುವ ಅಧಿಕಾರವೇನಿದ್ದರೂ ಊರಿನ ನಗರಸಭೆಯ ಸ್ವಂತ ಕಟ್ಟಳೆಗೆ. ಆದ್ದರಿಂದ ನೋಂದಣಿಯಲ್ಲಿ ಹೆಸರಿರುವುದನ್ನು ‘ನೋಂದಾಯಿತ’, ನಗರಸಭೆಯ ಕಟ್ಟಳೆಗೆ ಒಳಪಟ್ಟದ್ದನ್ನು ‘ಕಟ್ಟಳೆಯ ಕಾವಲಿನ’ ಎಂದು ಬೇರ್ಪಡಿಸಿದ್ದೇನೆ.

ರಿಸ್ಟೊರೇಶನ್‌ಗೆ ಪತ್ರಿಕೆಗಳು ‘ಮೂಲರೂಪಕ್ಕೆ ತರುವುದು’ ಎಂದು ಬರೆಯುತ್ತವೆ. ನಾನೂ ಹಾಗೆಯೇ ಬರೆದಿದ್ದೆ, ಡೆಲವೇರ್ ಅವೆನ್ಯೂದ ವಿಲ್ಕಾಕ್ಸ್ ಮನೆಯ ಪುಟಕ್ಕೆ ಬರುವವರೆಗೆ. 1901ರಲ್ಲಿ ಇಲ್ಲಿ ನಡೆದ ಪ್ಯಾನ್-ಅಮೆರಿಕನ್ ವಸ್ತುಪ್ರದರ್ಶನದಲ್ಲಿ ಅಧ್ಯಕ್ಷ ಮೆಕಿನ್ಲಿಗೆ ಗುಂಡು ಬಿತ್ತು. ಅವರು ತೀರಿಕೊಂಡಾಗ, ಸೆಪ್ಟೆಂಬರ್ 14ರಂದು, ಥಿಯೊಡೋರ್ ರೂಸ್‌ವೆಲ್ಟ್ ಪ್ರಮಾಣವಚನ ತೆಗೆದುಕೊಂಡದ್ದು ಈ ಮನೆಯ ಓದುಕೋಣೆಯಲ್ಲಿ. ಮನೆಯ ಮೂಲ ಹುಡುಕಿದರೆ ಅದು 1830ರ ದಶಕದ ಸೇನಾ ಠಾಣ್ಯದ ಅಧಿಕಾರಿಗಳ ಬಿಡಾರ. ಇಪ್ಪತ್ತನೆಯ ಶತಮಾನದಲ್ಲಿ ಕೆಲಕಾಲ ಹೋಟೆಲು ನಡೆಸಿದ್ದರು. ಈಗ ತಂದು ನಿಲ್ಲಿಸಿರುವುದು 1901ಕ್ಕೆ. ಅಂದರೆ ಈ ಕೆಲಸ ಒಂದು ಇಸವಿಯನ್ನು ಆರಿಸಿಕೊಳ್ಳುತ್ತದೆ. ಆ ಇಸವಿ ಹುಟ್ಟಿನದೇ ಆಗಬೇಕಿಲ್ಲ. ಮೂಲರೂಪ ಎಂದರೆ ಸುಳ್ಳಾಗುತ್ತದೆ. ‘ಪೂರ್ವರೂಪ’ ಎಂದರೆ ಹೇಗೆ? ‘ಮನೆಯನ್ನು 1901ರ ಪೂರ್ವರೂಪಕ್ಕೆ ತರಲಾಗಿದೆ’ ಎಂದು ಓದಿದರೆ ನನ್ನ ಕಿವಿಗೆ ಸರಿ ಕೇಳುತ್ತದೆ. ‘1901ಕ್ಕಿಂತ ಪೂರ್ವದ’ ಎಂದು ಯಾರಾದರೂ ತಪ್ಪು ತಿಳಿದಾರೇ ಎಂಬ ಅನುಮಾನ ಮಾತ್ರ ಉಳಿದಿದೆ.

ರೀಕನ್‌ಸ್ಟ್ರಕ್ಷನ್‌ಗೆ ‘ಮರುಕಟ್ಟಣೆ’ ಸಾಕು.

ರಿಹ್ಯಾಬಿಲಿಟೇಶನ್ ಬಹಳ ಸತಾಯಿಸಿತು. ನಿಘಂಟು ತೆರೆದರೆ ‘ಪುನರ್ವಸತಿ’. ಆದರೆ ಕನ್ನಡದಲ್ಲಿ ಆ ಮಾತು ಕೇಳಿದರೆ ಆಲಮಟ್ಟಿಯ ಹಿನ್ನೀರಿಗೆ ಊರು ಕೊಟ್ಟವರ ಮುಖ ಕಣ್ಣಿಗೆ ಬರುತ್ತದೆ, ಅದನ್ನು ಕಟ್ಟಡಕ್ಕೆ ಬಳಸಲು ಮನಸ್ಸು ಒಪ್ಪದು. ಪತ್ರಿಕೆಗಳ ‘ಕಾಯಕಲ್ಪ’ ಕೆರೆಗೂ ಆಗುತ್ತದೆ, ಬಸ್ ನಿಲ್ದಾಣಕ್ಕೂ ಆಗುತ್ತದೆ. ಏನು ಮಾಡಿದರು ಎಂದು ಅದು ತಿಳಿಸುವುದಿಲ್ಲ. ಇಲ್ಲಿ ನಡೆಯುವುದು ಏನೆಂದರೆ, ಕಟ್ಟಡದ ಚಹರೆ ಉಳಿಸಿಕೊಂಡು ಹೊಸ ಕಸುಬಿಗೆ ಒಗ್ಗಿಸುವುದು. ಎಚ್. ಎಚ್. ರಿಚರ್ಡ್‌ಸನ್ ವಿನ್ಯಾಸ ಮಾಡಿದ ಇಲ್ಲಿನ ಮಾನಸಿಕ ಆಸ್ಪತ್ರೆಯನ್ನು ನೋಡಿ. 1880ರಲ್ಲಿ ತೆರೆಯಿತು. ಕೆಂಪು ಮೆಡಿನಾ ಮರಳುಗಲ್ಲು, ಹಸಿರುಗಟ್ಟಿದ ತಾಮ್ರದ ಹೊದಿಕೆಯ ಜೋಡಿ ಗೋಪುರ, ಎರಡೂ ಕಡೆ ಹಾರುವ ಬಾತುಗಳ ಸಾಲಿನಂತೆ ಹಿಂದೆ ಹಿಂದೆ ಸರಿಯುವ ವಾರ್ಡುಗಳು. ಪೂರ್ವದ ತುದಿಯ ಮೂರು ವಾರ್ಡುಗಳನ್ನು 1969ರಲ್ಲಿ ಕೆಡವಿದರು. 1970ರ ದಶಕದಲ್ಲಿ ರೋಗಿಗಳೂ ಹೋದರು. ದಶಕಗಳ ನಂತರ, 2017ರಲ್ಲಿ, ಗೋಪುರಗಳ ಭಾಗ ವಸತಿಗೃಹವಾಗಿ ಬಾಗಿಲು ತೆರೆಯಿತು. ಓಣಿಗಳು ರೋಗಿಗಳು ಗಾಳಿಗೆ ಓಡಾಡಲೆಂದು ಮಾಡಿದಷ್ಟೇ ಅಗಲ ಉಳಿದಿವೆ.

ಇದಕ್ಕೆ ನಾನು ಯೋಚಿಸಿರುವುದು ‘ಮರುಒಕ್ಕಲು’. ನಮ್ಮ ಕಡೆ ಗೃಹಪ್ರವೇಶಕ್ಕೆ ಮನೆ ಒಕ್ಕಲು ಎನ್ನುತ್ತಾರೆ. ಕಟ್ಟಡಕ್ಕೆ ಜನ ಬಂದು ಸೇರುವುದು ಆ ಮಾತಿನಲ್ಲಿದೆ. ‘ಮರುಬಳಕೆ’ ಸುಲಭವೇನೋ ಹೌದು, ಆದರೆ ಅದನ್ನು ಪ್ಲಾಸ್ಟಿಕ್ಕಿನವರು ಆಗಲೇ ತೆಗೆದುಕೊಂಡಿದ್ದಾರೆ. ಉತ್ತರ ಕರ್ನಾಟಕದ ಗೆಳೆಯರಿಗೆ ಒಕ್ಕಲು ಎಂದಾಕ್ಷಣ ಒಕ್ಕಲುತನವೇ ನೆನಪಾಗುತ್ತದೆಯೇ, ಹೇಳಿ.

ದುರಸ್ತಿಯ ಬಗ್ಗೆ ಒಂದು ಮಾತು. ವಾಸ್ತುಶಿಲ್ಪಿಗಳಾದ ಲೂಯಿ ಸಲಿವನ್ ಮತ್ತು ಆಡ್ಲರ್ ಅವರ ಗ್ಯಾರಂಟಿ ಕಟ್ಟಡ 1896ರದು, ಹದಿಮೂರು ಅಂತಸ್ತು, ಒಳಗೆ ಉಕ್ಕಿನ ಚೌಕಟ್ಟು, ಹೊರಗೆ ಅಡಿಯಿಂದ ಮುಡಿಯವರೆಗೆ ಬಳ್ಳಿ ಬಿಡಿಸಿದ ಸುಟ್ಟಮಣ್ಣಿನ ಬಿಲ್ಲೆಗಳು. 1974ರಲ್ಲಿ ಬೆಂಕಿ ಬಿದ್ದು, ಕೆಡವುವ ಮಾತೂ ಬಂದಿತ್ತು. 1980ರ ದಶಕದ ಆರಂಭದಲ್ಲಿ ಉಳಿಸಿದರು. ಒಡೆದ ಬಿಲ್ಲೆಗಳಿಗೆ ಪಕ್ಕದ ಆರ್ಚರ್ಡ್ ಪಾರ್ಕಿನ ಬಾಸ್ಟನ್ ವ್ಯಾಲಿ ಕಾರ್ಖಾನೆಯಲ್ಲಿ ಹೊಸ ಬಿಲ್ಲೆ ಸುಟ್ಟರು. ಮಣ್ಣು ಆರುವಾಗಲೂ ಸುಡುವಾಗಲೂ ಕುಗ್ಗುವುದರಿಂದ ಅಚ್ಚನ್ನು ಬೇಕಾದ ಅಳತೆಗಿಂತ ದೊಡ್ಡದಾಗಿ ಮಾಡಬೇಕು, ಇಲ್ಲದಿದ್ದರೆ ಹಳೆಯ ಬಿಲ್ಲೆಯ ಪಕ್ಕ ಕೂರದು. ‘ಟೆರಾಕೋಟಾ’ ಎಂದೇ ಬಿಡಲೇ, ‘ಸುಟ್ಟಮಣ್ಣು’ ಎನ್ನಲೇ? ನನಗೆ ಎರಡನೆಯದೇ ಇಷ್ಟ. ಹಾಗೆಯೇ ಇಲ್ಲಿನವರ ಲೈಮ್ ಮಾರ್ಟರ್‌ಗೆ ‘ಸುಣ್ಣದ ಗಾರೆ’ ಎಂದದ್ದೇ ತಡ, ಅಪ್ಪನಿಗೆ ಉಳಿದದ್ದನ್ನು ವಿವರಿಸಬೇಕಾಗಲಿಲ್ಲ. ಗಾರೆ ಕಲ್ಲಿಗಿಂತ ಮೆತ್ತಗಿರಬೇಕು, ಸಂದಿಗೆ ಸಿಮೆಂಟ್ ತುಂಬಿದರೆ ನೀರು ಹೊರಬರಲು ದಾರಿಯಿಲ್ಲದೆ ಚಳಿಗಾಲದಲ್ಲಿ ಹೆಪ್ಪುಗಟ್ಟಿ ಕಲ್ಲಿನ ಮುಖವೇ ಚಕ್ಕೆಯೇಳುತ್ತದೆ ಎನ್ನುವುದನ್ನು ಅವರೇ ನನಗೆ ಹೇಳಿದರು. ನಮ್ಮೂರಲ್ಲಿ ಹೆಪ್ಪುಗಟ್ಟುವ ಚಳಿಯಿಲ್ಲ, ಉಪ್ಪು ಏಳುತ್ತದೆ ಎಂದರು.

ಐದನೆಯ ಪದಕ್ಕಾಗಿಯೇ ಇಷ್ಟು ಬರೆದೆ. 1950ರಲ್ಲಿ ಬಫಲೋದ ಜನಸಂಖ್ಯೆ 5,80,132. 2020ರಲ್ಲಿ 2,78,349. ಅರ್ಧಕ್ಕಿಂತ ಹೆಚ್ಚು ಜನ ಬಿಟ್ಟುಹೋದ ಊರಿನಲ್ಲಿ ಖಾಲಿ ಕಟ್ಟಡಗಳು ಎಷ್ಟಿರಬೇಡ! ರೈಟ್ ಅವರದೇ ವಿನ್ಯಾಸದ ಲಾರ್ಕಿನ್ ಕಂಪನಿಯ ಕಚೇರಿಯನ್ನು 1950ರಲ್ಲಿ ಕೆಡವಿದರು. ಉಳಿದಿರುವುದು ಬೇಲಿಯ ಒಂದು ಇಟ್ಟಿಗೆ ಕಂಬ. ಅದು ನೇರವಾಗಿ ಕೆಡವಿದ್ದು, ಹೇಳಲು ಪದವಿದೆ. ಇನ್ನೊಂದು ಬಗೆ ಇದೆ. ಮಾಡು ಸೋರಿದರೂ ಹೊದಿಸದೆ, ಕಿಟಕಿ ಒಡೆದರೂ ಹಲಗೆ ಬಡಿಯದೆ, ‘ಇನ್ನು ಇದು ಅಪಾಯ’ ಎನ್ನುವ ದಿನಕ್ಕಾಗಿ ಕಾಯುವುದು. ಇಲ್ಲಿ ಅದನ್ನು ‘ಡೆಮೊಲಿಶನ್ ಬೈ ನೆಗ್ಲೆಕ್ಟ್’ ಎನ್ನುತ್ತಾರೆ.

ನದಿಯ ದಡದಲ್ಲಿ ಗ್ರೇಟ್ ನಾರ್ದರ್ನ್ ಎಂಬ, ಕಾಳು ತುಂಬಿಡುವ ಕಟ್ಟಡವಿತ್ತು, 1897ರದು. ಇಲ್ಲಿ ಇವನ್ನು ಎಲಿವೇಟರ್ ಎನ್ನುತ್ತಾರೆ. 1842ರಲ್ಲಿ ಜೋಸೆಫ್ ಡಾರ್ಟ್ ಉಗಿಯಂತ್ರದಿಂದ ಕಾಳು ಎತ್ತುವ ಮೊದಲನೆಯದನ್ನು ಕಟ್ಟಿದ್ದು ಈ ಊರಿನಲ್ಲೇ. ಕೈಪಿಡಿಯಲ್ಲಿ ನಾನು ‘ಕಣಜ’ ಎಂದೇ ಬರೆದಿದ್ದೇನೆ, ಲಿಫ್ಟ್ ಎಂದು ತಿಳಿಯಬಾರದಲ್ಲ. ಉಕ್ಕಿನ ಕಣಜಗಳ ಸುತ್ತ ಇಟ್ಟಿಗೆಯ ಹೊರಗೋಡೆ. 2021ರ ಡಿಸೆಂಬರ್ 11ರ ಬಿರುಗಾಳಿಗೆ ಉತ್ತರದ ಗೋಡೆ ಕಿತ್ತುಬಂತು. ಮರುದಿನ ನೋಡಲು ಹೋದಾಗ ಗೋಡೆಯಿದ್ದ ಕಡೆ ದೊಡ್ಡ ಬಾಯಿ ತೆರೆದಿತ್ತು, ಒಳಗೆ ಉಕ್ಕಿನ ಕಣಜಗಳು ಸಾಲಾಗಿ ನಿಂತೇ ಇದ್ದವು. ಗೋಡೆ ಭಾರ ಹೊತ್ತದ್ದಲ್ಲ, ಕಣಜ ಗಟ್ಟಿಯಿದೆ, ಉಳಿಸಿ ಎಂದು ಜನ ನ್ಯಾಯಾಲಯಕ್ಕೆ ಹೋದರು. ಆಗಲಿಲ್ಲ. 2022ರಲ್ಲಿ ಕೆಡವಲು ಶುರುಮಾಡಿದರು. ಆ ತಿಂಗಳುಗಳಲ್ಲಿ ಉಳಿಸಬೇಕೆಂದವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದು ‘ಡೆಮೊಲಿಶನ್ ಬೈ ನೆಗ್ಲೆಕ್ಟ್’ ಎಂಬ ಆ ಮಾತೇ.

ಅದಕ್ಕೆ ಕನ್ನಡದಲ್ಲಿ ‘ಪಾಳುಬಿಡುವುದು’ ಸಾಲದು. ಊರು ಬಿಟ್ಟುಹೋದ ಬಡವನೂ ಮನೆ ಪಾಳುಬಿಡುತ್ತಾನೆ, ಅದರಲ್ಲಿ ಉದ್ದೇಶವಿಲ್ಲ. ‘ನಿರ್ಲಕ್ಷ್ಯದಿಂದ ನೆಲಸಮ’ ಎಂದರೆ ವರದಿಯ ಭಾಷೆ. ಕೊನೆಗೆ ಹೊಳೆದದ್ದು ‘ಹಾಳುಗೆಡಹು’. ಹೊತ್ತು ಹಾಳುಗೆಡವಬೇಡ ಎಂದು ಅಮ್ಮ ಬೈಯುವಾಗ ಕೇಳಿದ ಪದ. ಬಿಡಿಸಿ ನೋಡಿದರೆ ಹಾಳು, ಕೆಡಹು: ಹಾಳಾಗಿಸಿ ಉರುಳಿಸುವುದು. ಕೈಯಲ್ಲಿ ಸುತ್ತಿಗೆ ಹಿಡಿಯದೆ ಹಾಳನ್ನೇ ಸುತ್ತಿಗೆ ಮಾಡಿಕೊಂಡು ಕೆಡಹುವುದು. ‘ಆ ಕಣಜವನ್ನು ಕೆಡವಲಿಲ್ಲ, ಹಾಳುಗೆಡಹಿದರು ಎಂದು ಊರ ಜನ ಹೇಳುತ್ತಾರೆ’ ಎಂಬ ವಾಕ್ಯ ಬರೆದಿಟ್ಟಿದ್ದೇನೆ. ಸಮಯ ಹಾಳುಮಾಡುವ ಅರ್ಥ ಇಷ್ಟು ರೂಢಿಯಾದ ಮೇಲೆ ಪದದೊಳಗಿನ ಕೆಡಹುವಿಕೆ ಓದುಗರಿಗೆ ಮತ್ತೆ ಕೇಳಿಸೀತೇ? ಇದು ನನ್ನ ಮೊದಲ ಪ್ರಶ್ನೆ.

ಎರಡನೆಯದು ಶಾಸನ ಓದುವವರಿಗೆ. ‘ಖಂಡಸ್ಫುಟಿತ’ ಎಂಬ ಮಾತು ಜೀರ್ಣೋದ್ಧಾರದ ಬೆನ್ನಿಗಂಟದೆ ಒಂಟಿಯಾಗಿ, ದುರಸ್ತಿ ಎಂಬ ಅರ್ಥದಲ್ಲಿ ಬಂದದ್ದನ್ನು ನೀವು ಕಂಡಿದ್ದೀರಾ? ಇದ್ದರೆ ಯಾವ ಶಾಸನ, ಯಾವ ಊರು ಎಂದು ದಯವಿಟ್ಟು ತಿಳಿಸಿ. ಅಪ್ಪ ಮುಂದಿನ ಬೇಸಿಗೆಗೆ ಮತ್ತೆ ಬರುತ್ತಾರೆ. ಬೇವಿನ ಬುಡದ ಕಂಬಗಳಲ್ಲಿ ಒಂದರ ಮೇಲೆ ಅಕ್ಷರಗಳಿವೆ ಎಂದು ಹೋದ ವಾರ ಫೋನಿನಲ್ಲಿ ಹೇಳಿದರು, ಫೋಟೊ ತೆಗೆಸಿ ಕಳಿಸಲು ಹೇಳಿದ್ದೇನೆ. ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.