ಧಾರವಾಡ: ಸೆಮಿಸ್ಟರ್ ರಜೆಗೆ ರೂಮ್ ಬಿಡೋದಾ, ಬಾಡಿಗೆ ಕಟ್ಟಿ ಇಟ್ಟುಕೊಳ್ಳೋದಾ?

ಇಂಡಿ ಹುಡುಗಿ:
ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಎಂ.ಎ. ಎರಡನೇ ಸೆಮಿಸ್ಟರ್ ನಂದು. ಇನ್ನೊಂದೇ ಪೇಪರ್ ಬಾಕಿ. ಹಾಸ್ಟೆಲ್ ಸಿಗದೆ ಸಪ್ತಾಪುರದಲ್ಲಿ ಸೀನಿಯರ್ ಅಕ್ಕನ ಜೊತೆ ರೂಮ್ ಮಾಡಿದ್ದೆ. ಅವರದು ನಾಲ್ಕನೇ ಸೆಮಿಸ್ಟರ್ ಮುಗೀತು, ಗಂಟುಮೂಟೆ ಕಟ್ಟಿ ಹೊರಟರು. ಈಗ ಪೂರ್ತಿ ಬಾಡಿಗೆ ನನ್ನ ತಲೆ ಮೇಲೆ. ಕಾಲೇಜು ಮತ್ತೆ ಯಾವಾಗ ಶುರು ಅಂತ ಯಾರನ್ನು ಕೇಳಿದರೂ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಊರಿಗೆ ಹೋಗಿ ಕೂತರೆ ಖಾಲಿ ರೂಮಿಗೆ ದುಡ್ಡು ಕಟ್ಟಬೇಕು. ಬಿಟ್ಟು ಹೋದರೆ ಸಾಮಾನು ಎಲ್ಲಿಡಲಿ? ಕಬ್ಬಿಣದ ಕಾಟು, ಗಾದಿ, ಇಂಡಕ್ಷನ್ ಒಲೆ, ಎರಡು ಚೀಲ ಪುಸ್ತಕ. ಮನೆ ಮಾಲೀಕರು ಬೇರೆ, ಬಿಟ್ಟರೆ ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡಿಯುತ್ತೇನೆ ಅಂತ ಈಗಲೇ ಶುರು ಮಾಡಿದ್ದಾರೆ. ನೀವೆಲ್ಲ ಏನು ಮಾಡಿದ್ರಿ?

ಹಳೇ ಕೆಯುಡಿ:
ಸಪ್ತಾಪುರದ ರೂಮ್ ಮಾತ್ರ ಬಿಡಬೇಡ ತಂಗಿ. ಕ್ಯಾಂಪಸ್ ಕಡೆ ರಜೆ ಬಂತು ಅಂದರೆ ಚಹಾ ಅಂಗಡಿಯವನು ಕೂಡ ಬೇಗ ಬಾಗಿಲು ಹಾಕುತ್ತಾನೆ, ಆದರೆ ಸಪ್ತಾಪುರಕ್ಕೆ ರಜೆ ಅನ್ನೋದೇ ಇಲ್ಲ. ಅಲ್ಲಿರೋರಲ್ಲಿ ಅರ್ಧಕ್ಕರ್ಧ ಪಿಎಸ್‌ಐ, ಎಫ್‌ಡಿಎ, ಕೆಎಎಸ್ ಅಂತ ಸರ್ಕಾರಿ ನೌಕರಿ ಪರೀಕ್ಷೆಗೆ ಓದೋಕೆ ಬಂದ ಮಂದಿ. ಒಂದು ನೋಟಿಫಿಕೇಶನ್ ಬಿತ್ತೋ, ರಾಯಚೂರು, ಬೀದರ್, ಬಾಗಲಕೋಟೆಯಿಂದ ಚೀಲ ಹಿಡಿದು ಇಳಿಯುತ್ತಾರೆ, ಆಮೇಲೆ ನೀನು ವಾಪಸ್ ಬಂದು ಹುಡುಕಿದರೆ ಮೆಟ್ಟಿಲ ಕೆಳಗಿನ ಕೋಣೆಗೂ ಬಾಡಿಗೆ ಜಾಸ್ತಿ ಹೇಳುತ್ತಾರೆ. ನಾವು ಓದುವಾಗ ಒಬ್ಬರ ರೂಮಿಗೆ ಮೂವರ ಸಾಮಾನು ತುಂಬಿ, ಆ ಒಂದು ರೂಮಿನ ಬಾಡಿಗೆ ಮೂವರೂ ಹಂಚಿಕೊಳ್ಳುತ್ತಿದ್ದೆವು. ಉಳಿದ ಎರಡು ರೂಮ್ ಶ್ರೀನಗರದ ಕಡೆ ಇದ್ದವು, ಅಲ್ಲಿ ಯೂನಿವರ್ಸಿಟಿ ಹುಡುಗರೇ ಜಾಸ್ತಿ, ಬಿಟ್ಟರೂ ಮತ್ತೆ ಸಿಗುತ್ತಿತ್ತು.

ಇನ್ನೊಂದು. ಪುಸ್ತಕ ನೆಲದ ಮೇಲೆ ಇಟ್ಟು ಹೋಗಬೇಡ. ಇಂಡಿ ಬಿಸಿಲಲ್ಲಿ ಬೆಳೆದವರಿಗೆ ಇಲ್ಲಿನ ಮಳೆ ಗೊತ್ತಾಗೋದಿಲ್ಲ. ಮಲೆನಾಡಿನ ಸೆರಗಿನಲ್ಲಿರುವ ಊರು ಇದು. ಜಿಟಿಜಿಟಿ ಹಿಡಿದ ಮೇಲೆ ಮುಚ್ಚಿದ ರೂಮಿನಲ್ಲಿ ಗಾದಿಗೂ ಬೂಷ್ಟು ಬರುತ್ತದೆ.

ರೊಟ್ಟಿ ಕಾಕು:
ನಾನು ರೂಮ್ ಬಾಡಿಗೆ ಕೊಡೋಳು, ಹತ್ತಾರು ಮಂದಿಗೆ ಡಬ್ಬಿನೂ ಕಟ್ಟುತ್ತೇನೆ. ನಮ್ಮ ಕಡೆ ಮಾತೂ ಸ್ವಲ್ಪ ಕೇಳವ್ವಾ. ರಜೆ ಅಂತ ಹೇಳದೆ ಕೇಳದೆ ಬೀಗ ಹಾಕಿಕೊಂಡು ಹೋಗುತ್ತೀರಿ, ಫೋನ್ ಎತ್ತೋದಿಲ್ಲ, ಹೆಸ್ಕಾಂ ಬಿಲ್ ಬಾಗಿಲಿಗೆ ಸಿಕ್ಕಿಸಿಕೊಂಡು ಹಾಗೇ ಇರುತ್ತದೆ. ಹೋಗೋ ಮುಂಚೆ ಎದುರು ಕೂತು ಮಾತಾಡಿ. ನೀರು, ಕರೆಂಟ್ ಬಳಸೋದಿಲ್ಲ, ಅರ್ಧ ಬಾಡಿಗೆ ತಗೊಳ್ಳಿ ಅಂತ ಕೇಳಿ. ಎಲ್ಲರೂ ಒಪ್ಪುತ್ತಾರೆ ಅಂತಲ್ಲ, ಕೇಳೋಕೇನು? ಪೇಂಟಿಂಗ್ ವಿಷಯಕ್ಕೆ ಕರಾರು ಪತ್ರ ತೆಗೆದು ನೋಡಿ. ಅದರಲ್ಲಿ ಬರೆದಿಲ್ಲ ಅಂದರೆ ಹಾಗೆ ಸುಮ್ನೆ ಹಿಡಿಯೋದು ಸರಿಯಲ್ಲ, ನಾನೇ ಹೇಳುತ್ತಿದ್ದೇನೆ. ಗೋಡೆಗೆ ಮೊಳೆ ಹೊಡೆದು ಫೋಟೋ, ಟೈಮ್‌ಟೇಬಲ್ ಹಾಕಿದ್ದರೆ ಮಾತ್ರ ಮಾಲೀಕರು ಬಿಡೋದಿಲ್ಲ. ಈಗಲೇ ಫೋನಿನಲ್ಲಿ ಗೋಡೆ, ನಲ್ಲಿ, ಕಿಟಕಿ ಎಲ್ಲಾ ಫೋಟೋ ತೆಗೆದು ಇಟ್ಟುಕೋ.

ಹಾಂ, ತಿಂಗಳ ಊಟಕ್ಕೆ ದುಡ್ಡು ಕಟ್ಟಿದ್ದರೆ ಖಾನಾವಳಿಯವರಿಗೂ ಮುಂಚೆಯೇ ಹೇಳು. ಎರಡು ದಿನ ಮೊದಲು ಹೇಳಿದರೆ ನಾನಂತೂ ಉಳಿದ ಊಟ ಮುಂದಿನ ತಿಂಗಳಿಗೆ ಹಾಕಿಕೊಡುತ್ತೇನೆ. ರೊಟ್ಟಿ ಬಡಿದು ಇಟ್ಟ ಮೇಲೆ ಹೇಳಿದರೆ ನಾನೇನು ಮಾಡಲಿ?

ಲೈಬ್ರರಿ ಮೂಲೆ:
ಕಾಟು ಊರಿಗೆ ಒಯ್ಯೋ ಯೋಚನೆ ಇದ್ದರೆ ಈಗಲೇ ಬಿಡಿ. ಶಕ್ತಿ ಯೋಜನೆಯಲ್ಲಿ ನಿಮಗೆ ಟಿಕೆಟ್ ಫ್ರೀ, ಕಾಟಿಗೆ ಅಲ್ಲ, ಕಂಡಕ್ಟರ್ ಲಗೇಜ್ ಟಿಕೆಟ್ ಹರಿಯುತ್ತಾನೆ, ಹತ್ತಿಸಿಕೊಂಡರೆ. ರೈಲು ಅಂದರೆ ಗೋಲಗುಂಬಜ್ ಎಕ್ಸ್‌ಪ್ರೆಸ್ ಧಾರವಾಡಕ್ಕೆ ಬರೋದಿಲ್ಲ, ಹುಬ್ಬಳ್ಳಿಯಿಂದ ಗದಗ, ಬಾಗಲಕೋಟೆ, ವಿಜಯಪುರದ ಮೇಲೆ ಹೋಗುತ್ತದೆ. ಸ್ಲೀಪರ್‌ನಲ್ಲಿ ಒಬ್ಬರಿಗೆ 40 ಕೆ.ಜಿ. ಸಾಮಾನು ಫ್ರೀ ಇದೆ, ಪುಸ್ತಕಕ್ಕೆ ಸಾಕು. ಆದರೆ ಇಂಡಿ ರೋಡ್ ಸ್ಟೇಷನ್ನಿಂದ ಊರೊಳಗೆ ಹೋಗೋಕೆ ಮತ್ತೆ ಗಾಡಿ ಹಿಡಿಯಬೇಕು, ಅದು ನಿಮಗೇ ಗೊತ್ತಲ್ವಾ.

ನನ್ನ ಕೇಳಿದರೆ ರಜೆ ಪೂರ್ತಿ ಊರಲ್ಲಿ ಕೂರೋದಕ್ಕಿಂತ ರೂಮಿಗೆ ಇನ್ನೊಬ್ಬರನ್ನು ಹಾಕಿಕೊಳ್ಳಿ. ಕೋಚಿಂಗಿಗೆ ಬರೋ ಹುಡುಗಿಯರು ಎರಡು ಮೂರು ತಿಂಗಳಿಗೆ ಅಂತಲೇ ರೂಮ್ ಹುಡುಕುತ್ತಿರುತ್ತಾರೆ. ಲೈಬ್ರರಿ ನೋಟಿಸ್ ಬೋರ್ಡ್, ಝೆರಾಕ್ಸ್ ಅಂಗಡಿ ಗೋಡೆ, ಅಲ್ಲಿ ಒಂದು ಚೀಟಿ ಅಂಟಿಸಿ. ಮಾಲೀಕರಿಗೆ ಹೇಳಿಯೇ ಮಾಡಿ, ಆಧಾರ್ ಪ್ರತಿ ಇಸ್ಕೊಳ್ಳಿ. ಜೊತೆಗೆ ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಹಾಸ್ಟೆಲ್‌ಗೆ ಆನ್‌ಲೈನ್ ಅರ್ಜಿ ಕರೆದಾಗ ಬಿಡಬೇಡಿ. ಕಳೆದ ಸಲ ಸಿಗಲಿಲ್ಲ ಅಂತ ಈ ಸಲ ಹಾಕದೇ ಇರೋರು ಬಹಳ.

ಇಂಡಿ ಹುಡುಗಿ:
ಕಾಕು, ಗೋಡೆಗೆ ಮೊಳೆ ಇಲ್ಲ, ಟೇಪು ಮಾತ್ರ. ಅದೂ ಬಣ್ಣ ಕಿತ್ತುಕೊಂಡು ಬಂದರೆ ಏನು ಮಾಡೋದೋ. ನಾಳೆ ಪೇಪರ್ ಮುಗಿಸಿ ಮಾಲೀಕರ ಹತ್ತಿರ ಅರ್ಧ ಬಾಡಿಗೆ ಕೇಳುತ್ತೇನೆ, ಒಪ್ಪದಿದ್ದರೆ ಚೀಟಿ ಅಂಟಿಸೋದೇ. ಅಕ್ಕ ಬಿಟ್ಟು ಹೋದ ಇನ್ನೊಂದು ಕಾಟೂ ಇದೆ, ಬರೋರಿಗೆ ಅನುಕೂಲ.

ಹೊಸಬ ಕೃಷಿ ವಿವಿ:
ಆ ಇನ್ನೊಂದು ಕಾಟು ಮಾರುತ್ತೀರಾ? ಎಷ್ಟಕ್ಕೆ? ಕೃಷಿ ವಿಶ್ವವಿದ್ಯಾಲಯದ ತನಕ ಟಂಟಂ ಬಾಡಿಗೆ ನಾನೇ ಕೊಡುತ್ತೇನೆ.